ದೆಹಲಿಯಿಂದ ಬಂದ ಎಂಟು

ಈಜು ಬಾರದವನು ಹೊಳೆಗೆ ಇಳಿಯುವುದೇ ಇಲ್ಲ; ಮುಳುಗುವವನು ಯಾವಾಗಲೂ ಅಷ್ಟಿಷ್ಟು ಕೈ ಬಡಿಯಲು ಬಲ್ಲವನೇ. ನನ್ನ ಮಟ್ಟಿಗೆ ಇದು ನಿಜವಾದದ್ದು ಅಂಕಿಗಳ ವಿಷಯದಲ್ಲಿ. ನಾಲ್ಕನೇ ತರಗತಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಅಕ್ಷರಗಳು ನನ್ನನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ, ಅಂಕಿಗಳು ಮಾತ್ರ ಕೈಬಿಡಲಿಲ್ಲ. ಅವನ್ನೇ ನಂಬಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಲಾರಿಗಳಿಗೆ ನಂಬರ್ ಬರೆಯುವ ಪೇಂಟರ್ ಆದೆ. ಅದಿರಿನ ಕಾಲ ಅದು. ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಎರಡು ಲಾರಿ ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಸಂಜೆಗೆ ಕೆಂಪಾಗಿ, ಕೆಲವು ತಿಂಗಳಲ್ಲಿ ಧೂಳು ಉಜ್ಜಿ ಉಜ್ಜಿ ಮಾಸಿ, ಮತ್ತೆ ನನ್ನ ಬಳಿಗೇ ಬರುತ್ತಿತ್ತು. ಊರಿನವರೆಲ್ಲ ಧೂಳನ್ನು ಬೈಯುತ್ತಿದ್ದರು. ನಾನೂ ಬೈಯುತ್ತಿದ್ದೆ, ಆದರೆ ಸ್ವಲ್ಪ ದನಿ ತಗ್ಗಿಸಿ. ಹೀಗೆ ಅಷ್ಟೊಂದು ನಂಬರು ಬರೆದವನ ಕೈಗೆ ನಮ್ಮಕ್ಕ ಒಂದೇ ಒಂದು ನಂಬರಿನ ಕೆಲಸ ಕೊಟ್ಟಳು. ಅದನ್ನು ನಾನು ಹೇಗೆ ಕೆಡಿಸಿದೆ ಎಂದು ಹೇಳಿಕೊಂಡರೆ ನನ್ನ ಎದೆಯ ಭಾರ ಸ್ವಲ್ಪ ಇಳಿದೀತು.

ನಮ್ಮಕ್ಕ ಹುಲಿಗೆಮ್ಮನನ್ನು ಸಿರುಗುಪ್ಪಕ್ಕೆ ಕೊಟ್ಟಿದೆ. ಅಲ್ಲಿ ಮನೆಗಳಿಗಿಂತ ರೈಸ್ ಮಿಲ್ಲುಗಳು ಹೆಚ್ಚೇನೋ ಎನ್ನಿಸುತ್ತದೆ. ಮಿಲ್ಲಿನ ಅಂಗಳದಲ್ಲಿ ಹೆಂಗಸರು ಕುದಿಸಿದ ಭತ್ತವನ್ನು ಕಾಲಿನಿಂದ ಹರವುತ್ತ ಇರುತ್ತಾರೆ. ಅವರ ಕೂಸುಗಳು ಅಲ್ಲೇ ಚೀಲದ ಮೇಲೆ ಮಲಗಿರುತ್ತವೆ. ಒಂದು ದಿನ ಒಂದು ಕೂಸು ಅಂಬೆಗಾಲಿಟ್ಟು ನಿಂತ ಲಾರಿಯ ಕೆಳಗೆ ಹೋಗಿ ಗಾಲಿಗೆ ಒರಗಿ ಕುಳಿತಿತ್ತಂತೆ. ಡ್ರೈವರು ಪುಣ್ಯಾತ್ಮ, ಲಾರಿ ಹೊರಡಿಸುವ ಮುಂಚೆ ಬಗ್ಗಿ ನೋಡಿದ. ಮರುವಾರವೇ ಅಕ್ಕ ತನ್ನ ಮನೆಯ ಪಡಸಾಲೆಯಲ್ಲಿ ಆ ಕೂಸುಗಳನ್ನೆಲ್ಲ ತಂದು ಹಾಕಿಕೊಂಡಳು. ಅದಕ್ಕೆ 'ಮಕ್ಕಳ ಮನೆ' ಎಂದು ಹೆಸರಿಟ್ಟಳು. ಎರಡು ವರ್ಷ ಹೇಗೋ ನಡೆಸಿದಳು. ಕೂಸುಗಳು ಹೆಚ್ಚಾದವು, ಅಕ್ಕನ ಮೊಣಕಾಲು ನೋಯತೊಡಗಿತು. ಒಬ್ಬ ಆಯಾ ಬೇಕು, ಹಾಲು ಬೇಕು, ತೊಟ್ಟಿಲು ಬೇಕು. ದುಡಿಯುವ ತಾಯಂದಿರ ಕೂಸುಗಳಿಗೆ ಕೇಂದ್ರ ಸರ್ಕಾರದ ಅನುದಾನ ಇದೆ ಎಂದು ಯಾರೋ ಹೇಳಿದರು.

ಅನುದಾನ ಕೇಳಲು ಮೊದಲು ಸಂಘ ರಿಜಿಸ್ಟರ್ ಆಗಬೇಕು, ಸಂಘಕ್ಕೆ ಏಳು ಜನ ಬೇಕು. ಅಕ್ಕ ಕುಡತಿನಿಯಲ್ಲಿರುವ ಅಣ್ಣಂದಿರನ್ನು ಕೇಳಿದಳು. "ಸಹಿ ಹಾಕಿದ್ರ ಹೊಲ ಹೋಗತೈತಿ" ಎಂದು ಅವರು ಪೆನ್ನನ್ನೇ ಮುಟ್ಟಲಿಲ್ಲ. ನನಗೆ ಹೊಲವೇ ಇರಲಿಲ್ಲವಾಗಿ ಧೈರ್ಯವಾಗಿ ಸಹಿ ಹಾಕಿದೆ. ಧೈರ್ಯ ನೋಡಿ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಅಷ್ಟರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ದೆಹಲಿಯ ಹಣ ಕೇಳುವ ಪ್ರತಿ ಸಂಘಕ್ಕೂ ದೆಹಲಿಯವರೇ ಒಂದು ನಂಬರು ಕೊಡುತ್ತಾರೆ, ಅದಿಲ್ಲದೆ ಅರ್ಜಿಯನ್ನು ಮೂಸಿಯೂ ನೋಡುವುದಿಲ್ಲ. ಆ ನಂಬರನ್ನು ಕಂಪ್ಯೂಟರಿನಲ್ಲೇ ಕೇಳಬೇಕು. ಸಿರುಗುಪ್ಪದಲ್ಲಿ ಕರೆಂಟು ಇದ್ದಾಗ ಕಂಪ್ಯೂಟರಿನವನು ಇರುತ್ತಿರಲಿಲ್ಲ, ಅವನಿದ್ದಾಗ ಕರೆಂಟು ಇರುತ್ತಿರಲಿಲ್ಲ. "ಲೇ ತಿಪ್ಪ್ಯಾ, ನೀ ಬಳ್ಳಾರ್‍ಯಾಗ ಅದೀ, ನಂಬರ್ ನಿನ್ನ ಕಸುಬು. ಇದೊಂದು ಮಾಡಿಕೊಡು" ಎಂದಳು ಅಕ್ಕ.

ನನ್ನ ಅಂಗಡಿಯ ಪಕ್ಕದಲ್ಲೇ ಶಬಾನಾಳ ಇಂಟರ್‌ನೆಟ್ ಸೆಂಟರ್. ನಾನು ಬಣ್ಣ ಕಲಸುವುದನ್ನು ನೋಡುತ್ತಲೇ ಬೆಳೆದ ಹುಡುಗಿ, ನನ್ನನ್ನು ಮಾಮಾ ಎನ್ನುತ್ತಾಳೆ. ಅವಳು ಸಂಘದ ಸರ್ಟಿಫಿಕೇಟನ್ನು ನೋಡಿಕೊಂಡು ಎಲ್ಲವನ್ನೂ ತುಂಬಿದಳು. ಕೆಲವೇ ದಿನಕ್ಕೆ ಕೂಗಿದಳು: "ಮಾಮಾ, ನಂಬರ್ ಬಂತು! ಬಾಲೂಶಾ ತರ್ರಿ!"

ತರಬೇಕಿತ್ತು. ಬಾಲೂಶಾ ತಂದು ಬಾಯಿ ಸಿಹಿ ಮಾಡಿ ಅಕ್ಕನಿಗೆ ಫೋನು ಮಾಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಅವಳು ನಂಬರು ಬರೆದುಕೊಟ್ಟ ಚೀಟಿಯ ಮೇಲೆ ಮೊದಲಿಗೇ ಕೆಎ ಎಂದಿತ್ತು. ಕರ್ನಾಟಕದ ಸಂಘ, ಇನ್ನೇನಿರಬೇಕು? ಆದರೆ ಆ ಎರಡು ಅಕ್ಷರದ ಹಿಂದೆ ನನಗೆ ಕಾಣುವುದು ಲಾರಿ ಒಂದೇ. ಲಾರಿ ಕಂಡ ಮೇಲೆ ಅಂಕಿ ಕೂಡದೆ ಇರಲು ನನ್ನಿಂದ ಆಗುವುದಿಲ್ಲ. ಕೂಡಿದೆ, ಹದಿನೇಳು. ಒಂದು, ಏಳು. ಎಂಟು!

ಎಂಟು ಎಂದರೆ ಶನಿಯದು. ನಮ್ಮ ಕಡೆಯ ಲಾರಿ ಮಾಲೀಕರು ಒಂಬತ್ತಕ್ಕಾಗಿ ಆರ್‌ಟಿಓ ಆಫೀಸಿನ ಮೆಟ್ಟಿಲು ಸವೆಸುತ್ತಾರೆ, ಎಂಟು ಬಂದರೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಒಬ್ಬ ಮಾಲೀಕನಂತೂ ಎಂಟು ಬಂತೆಂದು ಹೊಸ ಲಾರಿಯನ್ನೇ ಹೆಂಡತಿಯ ತಮ್ಮನಿಗೆ ಮಾರಿಬಿಟ್ಟ. ಅಂಥದ್ದರಲ್ಲಿ ಲಾರಿಯ ಕೆಳಗಿಂದ ಬದುಕಿ ಬಂದ ಕೂಸಿರುವ ಮನೆಯ ಬಾಗಿಲಿಗೆ ನನ್ನ ಕೈಯಾರೆ ಎಂಟು ಬರೆಯುವುದೇ? ಚೀಟಿಯನ್ನು ಮಡಚಿ ಅರಿಶಿನ ಬಣ್ಣದ ಖಾಲಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ. ಶಬಾನಾಳಿಗೆ, "ಇದು ಬ್ಯಾಡಮ್ಮಾ, ಬೇರೆ ನಂಬರ್ ಕೇಳು" ಎಂದೆ.

"ಇದೇನ್ ಸಿಮ್ ಕಾರ್ಡ್ ಏನ್ರಿ ಮಾಮಾ, ಬ್ಯಾಡಂದ್ರ ಬದಲಿ ಕೊಡಾಕ?" ಎಂದಳು. ನನ್ನ ಮುಖ ನೋಡಿ ಪಾಪ, ಇನ್ನೊಂದು ಅರ್ಜಿ ಹಾಕಿದಳು. ಹತ್ತು ದಿನ ಬಿಟ್ಟು ಉತ್ತರ ಬಂತು: ಈ ಸಂಘಕ್ಕೆ ಈಗಾಗಲೇ ನಂಬರು ಕೊಟ್ಟಾಗಿದೆ, ಒಂದು ಸಂಘಕ್ಕೆ ಒಂದೇ ನಂಬರು.

ಈ ನಡುವೆ ಅಕ್ಕ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಹಿಂದೆ ಕೂಸುಗಳ ಅಳು.

"ಬಂತೇನಲೇ?"

"ಬರತೈತಿ ಬಿಡಕ್ಕಾ. ಡೆಲ್ಲಿಯಿಂದ ಬರಬೇಕಲ್ಲ."

"ಡೆಲ್ಲಿಯಿಂದ ನಡಕೊಂತ ಬರಾಕತ್ತೈತೇನು? ತಿಂಗಳ ಕಡೀಗೆ ಅರ್ಜಿ ಹೋಗಬೇಕು. ಈ ಸಲ ತಪ್ಪಿದ್ರ ಇನ್ನೊಂದು ವರ್ಷ. ಅಷ್ಟು ದಿನ ನನ್ನ ಕಾಲು ತಡಿಯಂಗಿಲ್ಲ ತಿಪ್ಪ್ಯಾ. ಮನಿ ಮುಚ್ಚಿಬಿಡ್ತೀನಿ. ಕೂಸುಗಳು ಮತ್ತ ಮಿಲ್ಲಿನ ಅಂಗಳಕ್ಕ ಹೋಗ್ತಾವ."

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ನಾನು ಶಾಲೆಗೆ ಹೋಗಲಿ ಎಂದು ತನ್ನ ಶಾಲೆ ಬಿಟ್ಟು ಮನೆಯ ದನ ಕಾಯ್ದಳು. ನಾನು ಶಾಲೆ ಬಿಟ್ಟು ಬಂದು ಅವಳ ಜೊತೆ ಅದೇ ದನ ಕಾಯ್ದೆ. ಅಂಥವಳಿಗೆ ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿತ್ತು. ಆದರೆ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದುಕೊಂಡಾಗ ಊಟ ಸೇರುತ್ತಿತ್ತು.

ಕುರುಗೋಡಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಲಾರಿ ಮಾಲೀಕರಿಗೆ ನಂಬರಿನ ಫಲ ಹೇಳುತ್ತಿದ್ದರು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಚೀಟಿ ನೋಡಿ, "ಯಾವ ಗಾಡಿ ಇದು?" ಎಂದರು.

"ಗಾಡಿ ಅಲ್ರಿ ಮೇಷ್ಟ್ರೇ, ಕೂಸುಗಳನ್ನ ನೋಡಿಕೊಳ್ಳೋ ಮನಿ."

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಲಾರಿ ಓಡತೈತಿ, ಅದಕ್ಕ ಬೀಳತೈತಿ. ಮನಿ ಎಲ್ಲಿಗಪ್ಪಾ ಓಡಿಹೋಗಿ ಪಲ್ಟಿ ಹೊಡಿಬೇಕು? ಹೋಗು, ಹೋಗಿ ಅರ್ಜಿ ಹಾಕು."

ಚಹಾ ಕುಡಿಸಿ ಕಳಿಸಿದರು, ದಕ್ಷಿಣೆ ಮುಟ್ಟಲಿಲ್ಲ. ನನ್ನ ಬುದ್ಧಿ ನೋಡಿ: ದಕ್ಷಿಣೆ ತೆಗೆದುಕೊಳ್ಳದೆ ಹೇಳಿದ ಮಾತಿನಲ್ಲಿ ಏನಿರುತ್ತದೆ ಎಂದುಕೊಂಡು ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕಿದೆ.

ಅರ್ಜಿಗೆ ಎರಡು ದಿನ ಉಳಿದಿದ್ದಾಗ ಅಕ್ಕ ಹೇಳದೆ ಕೇಳದೆ ಬಂದಿಳಿದಳು. ಬಗಲಿನಲ್ಲಿ ಕಾಗದಗಳ ಚೀಲ, ಕಾಲು ಎಳೆಯುತ್ತ ನೇರ ಶಬಾನಾಳ ಸೆಂಟರಿಗೇ ಹೋದಳು. ನಾನು ಲಾರಿಯೊಂದರ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತವನು ಏಳಬೇಕು ಎನ್ನುವಷ್ಟರಲ್ಲಿ ಶಬಾನಾಳ ದನಿ ಕೇಳಿಸಿತು. "ನಂಬರ್ ಬಂದು ತಿಂಗಳಾಗಾಕ ಬಂತಲ್ರಿ ಅಕ್ಕಾ! ಮಾಮಾ ಹೇಳಿಲ್ಲೇನು?"

ಅಕ್ಕ ಹೊರಗೆ ಬಂದು ಲಾರಿಯ ಹಿಂದೆ ನಿಂತಳು. ನಾನು ಏನೂ ಮುಚ್ಚಿಡದೆ ಹೇಳಿದೆ. ಕೆಎ, ಹದಿನೇಳು, ಎಂಟು, ಶನಿ, ಲಾರಿಯ ಕೆಳಗಿನ ಕೂಸು, ಎಲ್ಲವನ್ನೂ. ಲಾರಿಯ ಮಾಲೀಕ ಎಂಟು ಎಂದದ್ದು ಕಿವಿಗೆ ಬಿದ್ದು ಒಂದು ಹೆಜ್ಜೆ ಹಿಂದೆ ಸರಿದ. ಅಕ್ಕ ಚೀಲವನ್ನು ಇನ್ನೊಂದು ಬಗಲಿಗೆ ಬದಲಿಸಿ ಕೇಳಿದಳು:

"ನಮ್ಮವ್ವಗ ನೀ ಎಷ್ಟನೇಯವನಲೇ?"

ಬೆರಳು ಮಡಚಿ ಎಣಿಸಿದೆ. ಅಂಕಿಯ ಕಸುಬಿನವನಾದರೂ ಈ ಲೆಕ್ಕವನ್ನು ಅಲ್ಲಿಯವರೆಗೆ ಮಾಡಿರಲಿಲ್ಲ.

"ಎಂಟನೇಯವ" ಎಂದಳು ಅಕ್ಕನೇ. "ನಿನ್ನ ತಿರುಗಿ ಕಳಿಸಿ ಬ್ಯಾರೆ ಕೂಸು ಕೇಳಿದ್ವೇನು ನಾವು?"

ಮಾನ ಉಳಿಸಿಕೊಳ್ಳಲು ನಾನು, "ಕೃಷ್ಣನೂ ಎಂಟನೇಯವನೇ ಅಲ್ಲೇನಕ್ಕಾ?" ಎಂದೆ.

"ಆತ ಬೆಣ್ಣಿ ಕದ್ದ. ನೀ ಕೂಸುಗಳ ಹಾಲು ಕದ್ದಿ" ಎಂದಳು.

ಶಬಾನಾ ನಕ್ಕಳು, ಲಾರಿ ಮಾಲೀಕನೂ ನಕ್ಕ. ಅಕ್ಕ ನಗಲಿಲ್ಲ. ನಾನು ಡಬ್ಬಿಯ ಮುಚ್ಚಳ ತೆಗೆಯಲು ಹೋದರೆ, ನಾನೇ ಬಿಗಿಯಾಗಿ ಒತ್ತಿದ್ದು, ಬರಲೇ ಇಲ್ಲ. ಕೊನೆಗೆ ಅಕ್ಕನೇ ಕಿತ್ತು ಚೀಟಿ ತೆಗೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅರ್ಜಿ ಕಚೇರಿಯಲ್ಲಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಬಾಲೂಶಾ ಕೊಡಿಸಿದೆ. ಒಂದು ತಿಂದು, ಉಳಿದದ್ದನ್ನು ಕೂಸುಗಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ಬಸ್ಸು ಹೊರಡುವಾಗ ಕಿಟಕಿಯಿಂದ, "ಬಿಸಲಾಗ ನಿಂದರಬ್ಯಾಡ, ಹೋಗು" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅನುದಾನ ಬಂತು. ಈಗ ಮಕ್ಕಳ ಮನೆಯಲ್ಲಿ ಒಬ್ಬ ಆಯಾ ಇದ್ದಾಳೆ, ಸಾಲಾಗಿ ತೊಟ್ಟಿಲುಗಳಿವೆ, ಅಕ್ಕ ಕುರ್ಚಿಯಲ್ಲಿ ಕುಳಿತು ಕಾಲು ಚಾಚುತ್ತಾಳೆ. ಬಾಗಿಲ ಮೇಲಿನ ಬೋರ್ಡನ್ನು ನಾನೇ ಬರೆದೆ, ನಂಬರಿನ ಸಮೇತ. ಯಾವ ಲಾರಿಗೂ ಅಷ್ಟು ಚಂದ ಬರೆದಿಲ್ಲ. ಮಿಲ್ಲಿನ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಅದರ ಕೆಳಗೇ ನಗುತ್ತ ಒಳಗೆ ಹೋಗುತ್ತಾರೆ. ಒಬ್ಬರೂ ತಲೆಯೆತ್ತಿ ಅಂಕಿ ಕೂಡಿ ನೋಡಿಲ್ಲ.

ಆದರೆ ನಾನು ಇನ್ನು ಕಾರ್ಯದರ್ಶಿಯಾಗಿ ಇರಬಾರದು ಎಂದು ಅಕ್ಕ ಸಭೆ ಕರೆದು ತೀರ್ಮಾನಿಸಿದಳು. ಸರಿಯಾದ ತೀರ್ಮಾನವೇ, ಕೈ ಎತ್ತಿದವರಲ್ಲಿ ನಾನೂ ಒಬ್ಬ. ಹೊಸ ಕಾರ್ಯದರ್ಶಿಯ ಹೆಸರನ್ನು ರಿಜಿಸ್ಟ್ರಾರ್ ಕಚೇರಿಗೆ ಬರೆದು ತಿಳಿಸಬೇಕು. ಆ ಪತ್ರಕ್ಕೆ ಸಹಿ ಮಾಡಿ ಮುಟ್ಟಿಸಬೇಕಾದವನು ಹಾಲಿ ಕಾರ್ಯದರ್ಶಿ, ಅಂದರೆ ನಾನೇ. ಪತ್ರ ಬರೆದಾಗಿದೆ, ಸಹಿಯೂ ಆಗಿದೆ, ಎರಡು ತಿಂಗಳಿಂದ ನನ್ನ ಜೇಬಿನಲ್ಲೇ ಇದೆ. ಅಕ್ಕ ಫೋನು ಮಾಡಿದಾಗೆಲ್ಲ, "ಕೊಡ್ತೀನಿ ಬಿಡಕ್ಕಾ" ಎನ್ನುತ್ತೇನೆ. ಕೊಡಬಾರದೆಂದೇನೂ ಇಲ್ಲ. ಒಂದು ಒಳ್ಳೆಯ ದಿನ ನೋಡುತ್ತಿದ್ದೇನೆ, ಅಷ್ಟೆ.