ಜಮೀನ್ದಾರನಿಗೆ ಮಾವನ ಮಫ್ಲರ್

ನನ್ನ ಷಡ್ಡಕನ ಮನೆಗೆ ಹೋಗದಿರಲು ನನಗಿದ್ದದ್ದು ಒಂದೇ ಒಂದು ಕಾರಣ. ಆ ಕಾರಣಕ್ಕೆ ನಾಲ್ಕು ಕಾಲು, ಒಂದು ಬಾಲ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕೆಟ್ಟವರೇನಲ್ಲ. ಆದರೆ ಸ್ವಂತ ಮನೆ ಕಟ್ಟಿಸಿದ್ದಾರೆ. ಕಟ್ಟಿಸಲಿ, ನನಗೇನೂ ಹೊಟ್ಟೆಯುರಿಯಿಲ್ಲ (ಇದ್ದರೂ ಅದು ಈ ಕಥೆಗೆ ಸಂಬಂಧಿಸಿದ್ದಲ್ಲ). ಕಷ್ಟವೇನೆಂದರೆ, ಹೋದವರಿಗೆಲ್ಲ ಆ ಮನೆಯನ್ನು ತೋರಿಸುತ್ತಾರೆ. ತೋರಿಸುವುದೆಂದರೆ ಪಾಯದಿಂದ. ಒಂದೊಂದು ನಲ್ಲಿಯನ್ನೂ ತಿರುಗಿಸಿ, “ನೀರಿನ ಶಬ್ದ ಕೇಳಿ, ಹೇಗಿದೆ?” ಎನ್ನುತ್ತಾರೆ. ನೀರಿನ ಶಬ್ದ ನೀರಿನ ಹಾಗೆಯೇ ಇರುತ್ತದೆ, ಆದರೆ ಹಾಗೆ ಹೇಳುವಂತಿಲ್ಲ. ಕೊನೆಗೆ ತಾರಸಿಗೆ ಹತ್ತಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ನನ್ನ ತಲೆಯನ್ನು ಅದರೊಳಗೆ ತೂರಿಸುತ್ತಾರೆ. ಮುಂದಿನ ಸಲ ಹೋದಾಗ ಮತ್ತೆ ಪಾಯದಿಂದ.

ಆದ್ದರಿಂದ ಹೆಂಡತಿ ಅಕ್ಕನ ಮನೆಯ ಮಾತೆತ್ತಿದಾಗಲೆಲ್ಲ ನಾನು ನಿಟ್ಟುಸಿರು ಬಿಟ್ಟು, “ಹೋಗೋಣ ಅಂತ ನನಗೂ ಆಸೆ ಕಣೇ. ಆದ್ರೆ ಇವನನ್ನ ಯಾರು ನೋಡ್ಕೋತಾರೆ?” ಎಂದು ನಮ್ಮ ನಾಯಿಯ ತಲೆ ಸವರುತ್ತಿದ್ದೆ. ನಾಯಿಗೆ ಮನೆಯಲ್ಲಿ ಜಮೀನ್ದಾರ ಎಂದು ಹೆಸರು. ತಾನು ಮಲಗಿದ ಜಾಗವೆಲ್ಲ ತನ್ನದೇ ಎಂಬುದು ಅವನ ಸಿದ್ಧಾಂತ. ಈ ಮನೆಯಲ್ಲಿ ನಾನು ‘ಕೂತ್ಕೋ’ ಎಂದರೆ ಕೂರುವ ಏಕೈಕ ಜೀವವೂ ಅವನೇ. ಅವನಿಗೆ ನನ್ನ ಮೇಲಿರುವಷ್ಟು ಪ್ರೀತಿ ಬೇರೆ ಯಾರ ಮೇಲೂ ಇಲ್ಲವೆಂದು ನಾನು ಧೈರ್ಯವಾಗಿ ನಂಬಿದ್ದೆ.

ನನ್ನ ಬೆಂಬಲಕ್ಕೆ ಮಾವನೂ ಇದ್ದರು. ಹೆಂಡತಿಯ ತಂದೆ, ನಮ್ಮ ಜೊತೆಯಲ್ಲೇ ಇರುವವರು, ನಿವೃತ್ತ ರೈಲ್ವೆ ಗಾರ್ಡು. ಈಗಲೂ ನಾವು ಎಲ್ಲಿಗಾದರೂ ಹೊರಟರೆ ಅವರು ಗೇಟಿನಲ್ಲಿ ನಿಂತು, ಆಚೀಚೆ ನೋಡಿ, ಕೈ ಬೀಸಿದ ಮೇಲೆಯೇ ಹೊರಡಬೇಕು. ‘ನಾಯಿ ನೋಡಿಕೊಂಡು ಇರ್ತೀರಾ ಅಪ್ಪ?’ ಎಂದು ಮಗಳು ಕೇಳಿದರೆ ಮುಖ ಸಿಂಡರಿಸುತ್ತಿದ್ದರು.

“ಆ ಮೃಗಾನ? ನನ್ನ ಕೈಲಾಗಲ್ಲಮ್ಮ. ಅದಕ್ಕೂ ನನಗೂ ಎಣ್ಣೆ ಸೀಗೆಕಾಯಿ.”

ಅಲ್ಲಿಗೆ ಪ್ರಯಾಣ ರದ್ದು. ಮಾವನ ಮೇಲೆ ನನಗೆ ಅಪಾರ ಗೌರವ.

ಇಂಥ ಸುಭದ್ರ ಸಾಮ್ರಾಜ್ಯಕ್ಕೆ ಕೊಳ್ಳಿಯಿಟ್ಟವರು ಹಿಂದಿನ ಬೀದಿಯ ನರ್ಸಮ್ಮ. ಆಸ್ಪತ್ರೆಯ ಕೆಲಸ ಬಿಟ್ಟ ಮೇಲೆ, ಊರಿಗೆ ಹೋಗುವವರ ನಾಯಿಗಳನ್ನು ಮನೆಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾರಂತೆ. ಹೆಂಡತಿ ಈ ಸುದ್ದಿ ತಂದ ದಿನ ನನಗೆ ಊಟ ಸೇರಲಿಲ್ಲ. ಇಬ್ಬರೂ ಹೋಗಿ ಮಾತಾಡಿದೆವು.

“ಮೊದಲು ಒಂದು ದಿನ ಬಿಟ್ಟು ನೋಡಿ,” ಎಂದರು ನರ್ಸಮ್ಮ. “ಉಂಡು ಮಲಗಿದ್ರೆ ಸರಿ. ಅಳ್ತಾ ಕೂತ್ರೆ ನಾನು ಇಟ್ಕೊಳ್ಳಲ್ಲ, ಪಾಪ ಅದಕ್ಕೂ ಸಂಕಟ. ಆಮೇಲೆ, ಅವನಿಗೆ ತುಂಬಾ ಇಷ್ಟವಾದವರು ಹಾಕಿ ಬಿಟ್ಟ ಬಟ್ಟೆ ಒಂದು ತನ್ನಿ. ಒಗೆದಿರಬಾರದು. ಆ ವಾಸನೆ ಇದ್ರೆ ಸುಮ್ಮನಿರ್ತವೆ.”

ಅಳುತ್ತಾ ಕೂತರೆ ಇಟ್ಟುಕೊಳ್ಳುವುದಿಲ್ಲ! ಹೋದ ಜೀವ ಬಂದಂತಾಯಿತು.

ಭಾನುವಾರ ಬೆಳಿಗ್ಗೆ ಸಿದ್ಧತೆ. ಜಮೀನ್ದಾರನಿಗೆ ನಾವು ಸ್ನಾನ ಮಾಡಿಸಿದೆವು ಎನ್ನುವುದಕ್ಕಿಂತ ಅವನು ನಮಗೆ ಮಾಡಿಸಿದ ಎನ್ನುವುದೇ ಸರಿ. ಹೆಂಡತಿ ತಲೆ ಒರೆಸಿಕೊಳ್ಳುತ್ತಾ ಹೇಳಿದಳು:

“ನಿಮ್ಮ ಆ ಹಸಿರು ಟೀ ಶರ್ಟೇ ಇಡ್ರೀ ಚೀಲಕ್ಕೆ. ಅದರ ವಾಸನೆಗೆ ಪಕ್ಕದ ಬೀದಿ ನಾಯಿಗಳೂ ಬರ್ತವೆ.”

“ನನ್ನ ವಾಸನೆ ಬಗ್ಗೆ ಮಾತಾಡ್ಬೇಡ. ಪ್ರೀತಿಯ ವಿಷಯ ಇದು.”

“ಪ್ರೀತಿ ನಾಯಿಗೆ. ಒಗೆಯೋ ಕರ್ಮ ನನಗೆ.”

ಟೀ ಶರ್ಟು ಹಿಡಿದು ಪಡಸಾಲೆಗೆ ಬಂದವನಿಗೆ ಗೋಡೆಯ ಮೊಳೆಗೆ ತೂಗುತ್ತಿದ್ದ ಮಾವನ ಬೂದು ಬಣ್ಣದ ಮಫ್ಲರ್ ಕಾಣಿಸಿತು. ತಲೆಯೊಳಗೆ ದೀಪ ಹತ್ತಿತು. ಎಣ್ಣೆ ಸೀಗೆಕಾಯಿ! ಈ ಮಫ್ಲರಿನ ವಾಸನೆ ಮೂಗಿಗೆ ಬಿದ್ದರೆ ಜಮೀನ್ದಾರ ಬೀದಿಗೆ ಕೇಳುವಂತೆ ಅಳಬೇಕು. ಟೀ ಶರ್ಟನ್ನು ಸೋಫಾದ ಹಿಂದೆ ಎಸೆದು ಮಫ್ಲರನ್ನು ಚೀಲಕ್ಕೆ ತುರುಕಿದೆ. ಅಷ್ಟರಲ್ಲಿ ಒಳಗಿನಿಂದ ಮಾವ, “ಮಫ್ಲರ್ ಎಲ್ಲಮ್ಮ?” ಎಂದು ಕೂಗಿದರು.

“ಒಗೆಯೋಕೆ ಹಾಕಿರ್ಬೇಕು ಮಾವ,” ಎಂದೆ. ನಾನು ಒಗೆಯುವುದರ ಬಗ್ಗೆ ಮಾತಾಡಿದ್ದು ಅದೇ ಮೊದಲಾದ್ದರಿಂದ ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ನರ್ಸಮ್ಮನ ಮನೆಯಲ್ಲಿ ಅವನನ್ನು ಬಿಟ್ಟು ಬಂದೆ. ಬಾಗಿಲು ಮುಚ್ಚುವಾಗ ತಲೆ ಓರೆ ಮಾಡಿ ಒಮ್ಮೆ ನೋಡಿದ, ಅಷ್ಟೇ. ಮನೆಗೆ ಬಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ‘ಬಂದು ಕರ್ಕೊಂಡು ಹೋಗಿ’ ಎಂಬ ಕರೆ ಈಗ ಬರುತ್ತದೆ, ಆಗ ಬರುತ್ತದೆ. ಬರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಬೆಚ್ಚಗಿನ ಮೂತಿಯಿಲ್ಲ. ಎದ್ದು ನಡೆದರೆ ಕಾಲಿಗೆ ತೊಡರುವವರಿಲ್ಲ. ನನ್ನ ಸ್ವಾರ್ಥಕ್ಕಾಗಿ ಆ ಮೂಕ ಪ್ರಾಣಿಯನ್ನು ಹೊಸ ಜಾಗದಲ್ಲಿ ಬಿಟ್ಟೆನಲ್ಲ, ಅದೂ ಆಗದವರ ಮಫ್ಲರ್ ಜೊತೆಗೆ! ಹಾಳಾಗಿ ಹೋಗಲಿ, ಟ್ಯಾಂಕಿನೊಳಗೆ ಬೇಕಾದರೆ ಇಡೀ ದೇಹವನ್ನೇ ಇಳಿಸುತ್ತೇನೆ, ಅವನು ಅಳುವುದು ಬೇಡ ಎನ್ನಿಸಿತು. ಹಸಿರು ಟೀ ಶರ್ಟನ್ನು ಕಂಕುಳಲ್ಲಿ ಅವುಚಿಕೊಂಡು ಹಿಂದಿನ ಬೀದಿಗೆ ಓಡಿದೆ.

ನರ್ಸಮ್ಮ ಬಾಯಿಗೆ ಬೆರಳಿಟ್ಟು ಒಳಗೆ ಕರೆದರು. ಜಮೀನ್ದಾರ ಅಂಗಾತ ಮಲಗಿ, ಮಫ್ಲರಿನಲ್ಲಿ ಮೂಗು ಹುದುಗಿಸಿ ಗೊರಕೆ ಹೊಡೆಯುತ್ತಿದ್ದ. ಅನ್ನದ ಬಟ್ಟಲು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ, ಅವನ ಹೊಟ್ಟೆ ತುರಿಸುತ್ತಾ ಕೂತಿದ್ದವರು ನನ್ನ ಮಾವ.

“ಮಾವ! ನೀವು?”

“ವಾಕಿಂಗ್ ಬಂದಿದ್ದೆ,” ಎಂದರು, ನೆಲದ ಮೇಲೆ ಕೂತಲ್ಲಿಂದಲೇ.

“ಬಂದಾಗಿನಿಂದ ಆ ಬಟ್ಟೆ ಬಿಟ್ಟಿಲ್ಲ,” ಎಂದರು ನರ್ಸಮ್ಮ. “ಉಂಡ, ಮಲಗಿದ. ಯಜಮಾನ್ರು ಈಗಷ್ಟೇ ಬಂದ್ರು. ನಿಮ್ಮ ನಾಯಿ ಬಂಗಾರ. ಪಾಸು!”

ಅವರು ಒಳಗೆ ಹೋದದ್ದೇ ತಡ, ಮಾವ ನನ್ನ ಕಿವಿಯ ಹತ್ತಿರ ಬಂದರು. “ನೀವಿಬ್ರೂ ಆಫೀಸಿಗೆ ಹೋದ ಮೇಲೆ ದಿನವಿಡೀ ನನಗೆ ಇವನೇ, ಇವನಿಗೆ ನಾನೇ ಕಣಪ್ಪ.”

“ಮತ್ತೆ ಎಣ್ಣೆ ಸೀಗೆಕಾಯಿ?”

“ನಿನ್ನ ಷಡ್ಡಕ ನನಗೂ ಅಳಿಯ ತಾನೆ? ಆ ಟ್ಯಾಂಕಿನೊಳಗೆ ನನ್ನ ತಲೇನೂ ಹೋಗಿ ಬಂದಿದೆ. ನಾಯಿ ನನಗಾಗಲ್ಲ ಅಂದ್ರೆ ಎಲ್ಲರ ಪ್ರಯಾಣಾನೂ ನಿಲ್ಲುತ್ತಲ್ಲ!”

ಇಷ್ಟು ದಿನ ಒಂದೇ ಸೂರಿನಡಿ ಇಬ್ಬರು ಸಮಾನದುಃಖಿಗಳು ಒಬ್ಬರಿಗೊಬ್ಬರು ತಿಳಿಯದೆ ಬಾಳಿದ್ದೆವು. ನಾಯಿ ನನಗಿಂತ ಅವರನ್ನೇ ಹಚ್ಚಿಕೊಂಡಿದೆ ಎಂದು ಎದೆ ಚುರುಕ್ ಎಂದರೂ, ಅವನು ಅಳಲಿಲ್ಲವಲ್ಲ ಎಂಬ ನೆಮ್ಮದಿಯೇ ದೊಡ್ಡದಾಗಿತ್ತು.

“ಈಗೇನು ಮಾಡೋದು ಮಾವ? ನರ್ಸಮ್ಮ ಪಾಸ್ ಮಾಡಿಬಿಟ್ರು.”

“ನೀನು ಸುಮ್ನಿರು. ನನಗೆ ಬಿಡು.”

ಬಿಟ್ಟೆ. ನಾನು ಮಾಡಿದ ತಪ್ಪು ಅದೇ.

ಮನೆಗೆ ಬಂದ ಮಾವ ಮಗಳೆದುರು ಗಂಭೀರವಾಗಿ ನಿಂತರು. “ನೋಡಮ್ಮ, ಆ ಪ್ರಾಣಿ ನನ್ನ ಮಫ್ಲರ್ ಅಪ್ಕೊಂಡೇ ದಿನ ಕಳೀತು. ಅದನ್ನ ಬಿಟ್ಟು ಬರೋಕೆ ನನಗೆ ಮನಸ್ಸಿಲ್ಲ. ನರ್ಸಮ್ಮನಿಗ್ಯಾಕೆ ತೊಂದರೆ? ನಾನೇ ಇದ್ದು ನೋಡ್ಕೋತೀನಿ. ನೀವಿಬ್ರೂ ಹಾಯಾಗಿ ಹೋಗಿ ಬನ್ನಿ.”

“ಮಫ್ಲರ್ ಅಲ್ಲಿಗೆ ಹೇಗೆ ಹೋಯ್ತು?”

“ನಿನ್ನ ಗಂಡನೇ ಇಟ್ಟಿದ್ದು. ನಾಯಿಗೆ ಯಾರು ಇಷ್ಟ ಅಂತ ಕಂಡುಹಿಡಿದ ನೋಡು. ಎಷ್ಟು ಸೂಕ್ಷ್ಮ!”

ಮದುವೆಯಾದಾಗಿನಿಂದ ಕಾಣದಿದ್ದ ಗೌರವದಿಂದ ಹೆಂಡತಿ ನನ್ನನ್ನು ನೋಡಿದಳು. ಇಲ್ಲವೆಂದರೆ ಸಂಚು ಬಯಲು, ಹೌದೆಂದರೆ ಪ್ರಯಾಣ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ನಕ್ಕೆ.

“ಅಪ್ಪ ಇರ್ತಾರೆ ಅಂದ್ಮೇಲೆ ಇನ್ನೇನು? ತಿಂಗಳಿಗೊಂದ್ಸಲ ಹೋಗಿ ಬರಬಹುದು, ಅಲ್ವೇನ್ರೀ?”

ಹೊರಡುವ ದಿನ ಬಾಡಿಗೆ ಕಾರಿನಲ್ಲಿ ಕೂತ ಮೇಲೆ ಅವಳು ಫೋನು ಕೆಳಗಿಟ್ಟು ಸಂಭ್ರಮದಿಂದ ಹೇಳಿದಳು: “ಭಾವ ಮೇಲೊಂದು ಮಹಡಿ ಕಟ್ಟಿಸಿದಾರಂತೆ. ನೀವು ಬರ್ಲಿ ಅಂತ ಯಾರಿಗೂ ತೋರಿಸಿಲ್ವಂತೆ!”

ನಾನು ದಿಗಿಲಿನಿಂದ ಗೇಟಿನ ಕಡೆ ತಿರುಗಿದೆ. ಮಫ್ಲರ್ ಸುತ್ತಿಕೊಂಡು ಜಮೀನ್ದಾರ ಕೂತಿದ್ದ. ಪಕ್ಕದಲ್ಲಿ ಮಾವ ನೆಟ್ಟಗೆ ನಿಂತು, ಆಚೀಚೆ ನೋಡಿ, ನನ್ನ ಹಸಿರು ಟೀ ಶರ್ಟನ್ನು ಎತ್ತಿ ಹಿಡಿದು ಬೀಸಿದರು. ಡ್ರೈವರ್ ಗೇರು ಹಾಕಿದ.