ಏಳು ಸಾಮಾನು, ಒಂದು ಬೆನ್ನು

ಇಪ್ಪತ್ತೆರಡು ವರ್ಷಗಳಿಂದ ನಾನು ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಇಷ್ಟು ವರ್ಷದಲ್ಲಿ ನನ್ನ ಉಗ್ರಾಣದಿಂದ ಒಂದು ನಟ್ಟು ಕಳೆದಿಲ್ಲ, ಒಂದು ಬೋಲ್ಟು ಮಾಯವಾಗಿಲ್ಲ! ಅಂಥ ನನಗೆ ಪ್ರವಾಸದ ಏಳು ಸಾಮಾನು ಸಂಭಾಳಿಸುವುದೂ ಒಂದು ಕೆಲಸವೇ? "ನೀನು ಊರು ನೋಡು, ಸಾಮಾನು ನಾನು ನೋಡ್ಕೋತೀನಿ" ಎಂದು ಮನೆಯವಳ ಮುಂದೆ ಎದೆ ತಟ್ಟಿಕೊಂಡೆ. ಅದೇ ಎದೆ ಎರಡೇ ಗಂಟೆಯಲ್ಲಿ ಹೇಗೆ ಡವಗುಟ್ಟಿತು ಎನ್ನುವುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ನಗುವವರು ನಗಬಹುದು.

ಮೊದಲ ವಸತಿಗೃಹದಲ್ಲಿ ನಮಗೆ ಎರಡು ದಿನಕ್ಕಷ್ಟೇ ಜಾಗ ಸಿಕ್ಕಿತ್ತು. ಅವರು ಬೆಳಿಗ್ಗೆ ಹನ್ನೊಂದಕ್ಕೆ ಕೋಣೆ ಖಾಲಿ ಮಾಡಿ ಎಂದರು. ಎರಡನೇ ವಸತಿಗೃಹದವರು ಮಧ್ಯಾಹ್ನ ಮೂರಕ್ಕೆ ಮುಂಚೆ ಕೋಣೆ ಇಲ್ಲ ಎಂದರು. ನಡುವಿನ ನಾಲ್ಕು ಗಂಟೆ ಗಂಡ, ಹೆಂಡತಿ, ಏಳು ಸಾಮಾನು, ಎಲ್ಲರದೂ ತ್ರಿಶಂಕು ಸ್ಥಿತಿ.

ಮುಂದೆ ಹೋಗುವ ಮೊದಲು ಇನ್ನೊಂದು ಗುಟ್ಟು ಹೇಳಿಬಿಡಬೇಕು. ಮದುವೆಯಾಗಿ ಇಪ್ಪತ್ತು ವರ್ಷ ತುಂಬಿತೆಂದು ಹೊರಟ ಪ್ರವಾಸ ಇದು. ನಾಲ್ಕು ಸಲ ಮುಂದೂಡಿದ್ದೆ. ಐದನೇ ಸಲ ಮುಂದೂಡಿದರೆ ತಾನೊಬ್ಬಳೇ ಹೋಗುವುದಾಗಿ ಮನೆಯವಳು ಘೋಷಿಸಿದ್ದಳು. ಅತ್ತ ಕಾರ್ಖಾನೆಯಲ್ಲಿ ವರ್ಷದ ಸ್ಟಾಕ್ ತಪಾಸಣೆ. ರಜೆ ಕೇಳಿದರೆ ಮ್ಯಾನೇಜರ್ ತಲೆ ಅಡ್ಡಡ್ಡ ಆಡಿಸಿದರು. ಅತ್ತ ದರಿ, ಇತ್ತ ಪುಲಿ! ನಾನೇನು ಮಾಡಲಿ? ಸೊಂಟಕ್ಕೆ ಅಂಗೈ ಅಗಲದ ಪಟ್ಟಿ ಬಿಗಿದುಕೊಂಡು ಎರಡು ದಿನ ಉಗ್ರಾಣದ ತುಂಬಾ ಬಾಗಿ ನಡೆದೆ. "ಬೆನ್ನು ಸಾರ್" ಎಂದು ನರಳಿದೆ. ಮ್ಯಾನೇಜರ್ ಗಾಬರಿಯಾಗಿ, ಒಂದು ವಾರ ಹಾಸಿಗೆ ಬಿಟ್ಟು ಏಳಬೇಡಿ ಎಂದರು. ಹೀಗೆ ರಜೆ ಸಿಕ್ಕಿದ್ದು ನನಗಲ್ಲ, ನನ್ನ ಬೆನ್ನಿಗೆ. ಇದು ಮನೆಯವಳಿಗೂ ಗೊತ್ತಿರಲಿಲ್ಲ. ಪ್ರವಾಸ ಶುರುವಾದಾಗಿನಿಂದ ಜೇಬಿನಲ್ಲಿ ಫೋನ್ ಗುಂಯ್ ಎಂದರೆ ಸಾಕು, ನನ್ನ ಪ್ರಾಣ ಬಾಯಿಗೆ ಬರುತ್ತಿತ್ತು.

ಸರಿ, ಹೊರಡುವ ಬೆಳಿಗ್ಗೆ ಇಕ್ಕಳ, ತಂತಿ, ಕಾರ್ಖಾನೆಯಿಂದ ತಂದಿದ್ದ ದಪ್ಪ ಚೀಟಿಗಳನ್ನು ಮಂಚದ ಮೇಲೆ ಹರಡಿಕೊಂಡು ಕೂತೆ. ಪ್ರತಿ ಸಾಮಾನಿಗೂ ಒಂದು ಚೀಟಿ: ಏಳರಲ್ಲಿ ಒಂದು, ಏಳರಲ್ಲಿ ಎರಡು, ಏಳರಲ್ಲಿ ಮೂರು. ಇಕ್ಕಳದಲ್ಲಿ ತಂತಿ ತಿರುಚಿದೆನೆಂದರೆ ದೇವರು ಬಂದರೂ ಬಿಚ್ಚಲಾರ.

"ರೀ, ನನ್ನ ಕೈಚೀಲಕ್ಕೂ ಚೀಟಿನಾ?"

"ಎಣಿಕೆ ಅಂದ್ರೆ ಎಣಿಕೆ. ಏಳರಲ್ಲಿ ಏಳನೇದು ಅದೇ."

"ಚೀಟಿ ಹಿಂದೆ ಕೆಂಪಕ್ಷರದಲ್ಲಿ ಏನೋ ಅಚ್ಚಾಗಿದೆಯಲ್ಲಾ?"

"ಬಣ್ಣಕ್ಕೆ ಬೆರೆಸೋ ಥಿನ್ನರ್ ಡಬ್ಬಗಳ ಹಳೇ ಚೀಟಿ ಕಣೇ. ಸುಮ್ನೆ ಕಸಕ್ಕೆ ಹಾಕ್ತಿದ್ರು, ಎತ್ಕೊಂಡು ಬಂದೆ. ಮುಂದೆ ಇಷ್ಟು ದಪ್ಪಕ್ಷರದಲ್ಲಿ ಬರ್ದಿರುವಾಗ ಹಿಂದೆ ಯಾರು ಓದ್ತಾರೆ?"

ಕೆಳಗೆ ಬಂದಾಗ ವಸತಿಗೃಹದ ಗುಮಾಸ್ತ ಬಹಳ ವಿನಯದಿಂದ, "ಸಾಮಾನು ಇಲ್ಲೇ ನಮ್ಮ ಕೋಣೇಲಿ ಇಟ್ಟು ಊರು ನೋಡ್ಕೊಂಡು ಬನ್ನಿ ಸಾರ್" ಎಂದ.

"ಇಟ್ಟು ಹೋಗೋಣ ರೀ," ಎಂದಳು ಮನೆಯವಳು.

"ನಮ್ಮ ಸಾಮಾನನ್ನ ಪರರ ಕೈಗೆ ಒಪ್ಪಿಸೋದಾ! ನಾನು ಬದುಕಿರೋವರೆಗೂ ಇಲ್ಲ!"

ಗುಮಾಸ್ತ ನನ್ನನ್ನೂ ಸಾಮಾನನ್ನೂ ಒಮ್ಮೆ ನೋಡಿ ಬಾಗಿಲು ತೆರೆದ. ಎರಡು ಸೂಟ್‌ಕೇಸ್ ಎಳೆದುಕೊಂಡು, ಒಂದು ಚೀಲ ಬೆನ್ನಿಗೆ, ಎರಡು ಹೆಗಲಿಗೆ, ಒಂದನ್ನು ಕುತ್ತಿಗೆಗೆ ನೇತುಹಾಕಿಕೊಂಡು ನಾನು ಬೀದಿಗಿಳಿದೆ. ಏಳನೆಯದನ್ನು ಹೆಗಲಿಗೇರಿಸಿಕೊಂಡು, ನನ್ನ ಪರಿಚಯವೇ ಇಲ್ಲದವಳ ಹಾಗೆ ಮನೆಯವಳು ಹತ್ತು ಹೆಜ್ಜೆ ಮುಂದೆ ನಡೆದಳು. ಸೂಟ್‌ಕೇಸಿನ ಒಂದು ಚಕ್ರ ದಾರಿಯುದ್ದಕ್ಕೂ ಕಿರುಚುತ್ತಿತ್ತು. ಬೀದಿಯ ನಾಯಿಗಳೆಲ್ಲ ಅದಕ್ಕೆ ಉತ್ತರ ಕೊಟ್ಟವು.

ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ. ದೊಡ್ಡ ಚೀಲ ಯಾವುದನ್ನೂ ಒಳಗೆ ಬಿಡುವುದಿಲ್ಲವಂತೆ. ಸಾಮಾನು ಇಡುವ ಕೋಣೆ ರಿಪೇರಿಯಲ್ಲಿದೆಯಂತೆ. ಮನೆಯವಳು ನನ್ನನ್ನೇ ನೋಡಿದಳು. ಸ್ಟೋರ್ ಕೀಪರ್ ಸೋಲುವುದುಂಟೇ! ಪಾಳಿ ಬದಲಾಗಿ ಆ ಕಾವಲುಗಾರ ಅತ್ತ ಹೋದದ್ದೇ ತಡ, ಟಿಕೆಟ್ ಕಿಟಕಿಯ ಹಿಂದಿನ ಕಬ್ಬಿಣದ ಬೇಲಿಗೆ ಆರೂ ಸಾಮಾನನ್ನು ಒರಗಿಸಿ, ಚೀಲದಿಂದ ಸೈಕಲ್ ಸರಪಳಿ ತೆಗೆದು ಸುತ್ತಿ, ಬೀಗ ಜಡಿದು, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿ ಒಳಗೆ ಹೋದೆವು.

ಹಳೇ ನಾಣ್ಯಗಳು ಮುಗಿದು ಮಡಕೆ ಚೂರುಗಳ ಹತ್ತಿರ ಬಂದಿದ್ದೆವು. ಧ್ವನಿವರ್ಧಕ ಕೊರ್ ಎಂದಿತು.

"ಎಲ್ಲರೂ ಗಾಬರಿಯಾಗದೆ ತಕ್ಷಣ ಹೊರಗೆ ಬನ್ನಿ! ಟಿಕೆಟ್ ಕಿಟಕಿ ಹಿಂದೆ ಅನುಮಾನಾಸ್ಪದ ವಸ್ತುಗಳು ಸಿಕ್ಕಿವೆ!"

ಗಾಬರಿಯಾಗಬೇಡಿ ಎಂದ ಕೂಡಲೇ ಎಲ್ಲರೂ ಗಾಬರಿಯಾದರು. ನಾನೂ ಮನೆಯವಳ ಕೈ ಹಿಡಿದು ಓಡಿದೆ. ಅಂಗಳ ದಾಟಿ, ಗೇಟಿನ ಹೊರಗೆ ಜನರ ನಡುವೆ ನಿಂತು, ಯಾವ ಪಾಪಿಯ ಕೆಲಸವಪ್ಪಾ ಇದು ಎಂದು ಕತ್ತು ಎತ್ತಿ ನೋಡಿದರೆ, ಹಗ್ಗದ ಸುತ್ತುಬೇಲಿಯ ನಡುವೆ ಒಂಟಿಯಾಗಿ ನಿಂತಿದ್ದವು ನನ್ನ ಆರು ಸಾಮಾನು. ಗಾಳಿಗೆ ಚೀಟಿಗಳು ಮಗುಚಿದ್ದವು. ಕೆಂಪಕ್ಷರಗಳು ಅಷ್ಟು ದೂರಕ್ಕೂ ಚೆನ್ನಾಗಿ ಕಾಣುತ್ತಿದ್ದವು: "ಬೇಗ ಹೊತ್ತಿಕೊಳ್ಳುವ ವಸ್ತು. ಅಲುಗಾಡಿಸಬೇಡಿ."

ಪೊಲೀಸ್ ಜೀಪು ಬಂತು. ಅದರ ಹಿಂದೆ ಅಗ್ನಿಶಾಮಕ ದಳದ ಕೆಂಪು ಗಾಡಿ ಬಂತು. ನಾಲ್ಕು ಜನ ದಪ್ಪ ಪೈಪು ಬಿಚ್ಚಿ ನಮ್ಮ ಸೂಟ್‌ಕೇಸಿನ ಕಡೆಗೆ ಗುರಿಯಿಟ್ಟರು.

"ಹೋಗ್ರೀ, ಅದು ನಮ್ದೇ ಅಂತ ಹೇಳಿ!" ಮನೆಯವಳು ಪಿಸುಗುಟ್ಟಿದಳು.

"ಹೇಳೋ ಹಾಗಿಲ್ಲ ಕಣೇ."

"ಯಾಕೆ?"

"ಚೀಟಿ ಕೆಳಗೆ ಮ್ಯಾನೇಜರ್ ಮೇಜಿನ ಫೋನ್ ನಂಬರ್ ಅಚ್ಚಾಗಿದೆ. ಪೊಲೀಸರು ಮೊದಲು ಅಲ್ಲಿಗೇ ಫೋನ್ ಮಾಡ್ತಾರೆ."

"ಮಾಡ್ಲಿ! ನಿಮಗೆ ರಜೆ ಮಂಜೂರಾಗಿದೆ ತಾನೇ?"

"ಆಗಿದೆ... ಬೆನ್ನಿಗೆ."

ಅಷ್ಟು ಗದ್ದಲದ ನಡುವೆ ನಿಂತೇ ಎಲ್ಲ ಕಥೆಯನ್ನೂ ಹೇಳಬೇಕಾಯಿತು. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾ ಕೇಳಿದಳು. ಅಗ್ನಿಶಾಮಕ ದಳಕ್ಕಿಂತ ನನಗೆ ಆ ನೋಟವೇ ಹೆಚ್ಚು ಭಯ ಹುಟ್ಟಿಸಿತು.

"ಹೇಳಿದ್ರೆ ಕೆಲಸ ಹೋಗುತ್ತೆ," ಎಂದು ಕೊನೆಯ ಸಾಲು ಸೇರಿಸಿದೆ.

"ಹೇಳದಿದ್ರೆ ನನ್ನ ಬಟ್ಟೆ ಹೋಗುತ್ತೆ!"

ಅಷ್ಟರಲ್ಲಿ ಧ್ವನಿವರ್ಧಕ ಮತ್ತೆ ಕೊರ್ ಎಂದಿತು. "ಗಮನಿಸಿ! ಇಲ್ಲಿ ಆರು ಸಿಕ್ಕಿವೆ. ಒಂದೊಂದರ ಮೇಲೂ ಏಳರಲ್ಲಿ ಇಷ್ಟನೇದು ಅಂತ ಬರ್ದಿದೆ. ಏಳನೇದು ಸಿಕ್ಕಿಲ್ಲ! ನಿಮ್ಮ ಅಕ್ಕಪಕ್ಕ ನೋಡ್ಕೊಳ್ಳಿ!"

ಇಪ್ಪತ್ತೆರಡು ವರ್ಷದ ನನ್ನ ಶಿಸ್ತಿಗೆ ಇಂಥ ಪ್ರಚಾರ ಹಿಂದೆಂದೂ ಸಿಕ್ಕಿರಲಿಲ್ಲ! ಏಳನೆಯದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅದು ಮನೆಯವಳ ಹೆಗಲಲ್ಲಿತ್ತು. ಅದರ ಚೀಟಿಯೂ ಗಾಳಿಗೆ ಮಗುಚಿ ಮಗುಚಿ ಆಡುತ್ತಿತ್ತು.

ಚೀಟಿ ಹಿಡಿದು ಎಳೆದೆ, ಬರಲಿಲ್ಲ. ತಿರುಚಿದೆ, ತಂತಿ ಬೆರಳಿಗೆ ಚುಚ್ಚಿತು. ದೇವರು ಬಂದರೂ ಬಿಚ್ಚಲಾರ ಎಂದವನು ನಾನೇ ತಾನೇ? ಇಕ್ಕಳವಿದ್ದದ್ದು ಹಗ್ಗದ ಆಚೆ, ಏಳರಲ್ಲಿ ಮೂರರೊಳಗೆ. ಕೊನೆಗೆ ಬಾಗಿ ಹಲ್ಲಿನಿಂದ ಕಚ್ಚಿದೆ.

"ರೀ, ಜನ ನೋಡ್ತಿದ್ದಾರೆ!"

ಜನ ಇರಲಿ, ಪಕ್ಕದಲ್ಲಿದ್ದ ದಪ್ಪ ಕನ್ನಡಕದ ಅಜ್ಜಿಯೊಬ್ಬರು ಆಗಲೇ ಬಗ್ಗಿ ನೋಡುತ್ತಿದ್ದರು. "ಏನಮ್ಮಾ ಅದು ಚೀಟಿ? ಬೇ... ಗ... ಹೊತ್ತಿ... ಸ್ವಲ್ಪ ಅಲ್ಲಾಡದ ಹಾಗೆ ಹಿಡ್ಕೊಳಮ್ಮ, ಓದಕ್ಕಾಗ್ತಿಲ್ಲ... ಕೊಳ್ಳುವ... ವಸ್ತು..."

ಒಂದೊಂದು ಅಕ್ಷರಕ್ಕೂ ನನ್ನ ಆಯಸ್ಸು ಒಂದೊಂದು ವರ್ಷ ಕಡಿಮೆಯಾಗುತ್ತಾ ಬಂತು. ಅಜ್ಜಿ ಕನ್ನಡಕ ಮೇಲೇರಿಸಿದರು. ಓದಿದ್ದರ ಅರ್ಥ ಆಗಲು ಒಂದು ಕ್ಷಣ ಹಿಡಿಯಿತು.

"ಏಳನೇದು ಇಲ್ಲಿದೇ!"

ಆ ವಯಸ್ಸಿನಲ್ಲಿ ಅಷ್ಟು ವೇಗ ನಾನು ನೋಡಿಲ್ಲ! ಅಜ್ಜಿಯ ಹಿಂದೆ ಉಳಿದವರೆಲ್ಲ ಓಡಿದರು. ಕ್ಷಣಾರ್ಧದಲ್ಲಿ ಮನೆಯವಳ ಸುತ್ತ ಒಂದು ಆಟದ ಮೈದಾನದಷ್ಟು ಜಾಗ ಖಾಲಿಯಾಯಿತು. ಹೇಳಲು ನಾಚಿಕೆಯಾಗುತ್ತದೆ, ಇಪ್ಪತ್ತು ವರ್ಷ ಕೂಡಿ ಬಾಳಿದ ನಾನೂ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಭಯ ಅಂದರೆ ಭಯ ಸ್ವಾಮಿ, ಅದಕ್ಕೆ ಸಪ್ತಪದಿ ಗೊತ್ತಾಗುವುದಿಲ್ಲ.

ಅವಳು ಆ ಎರಡು ಹೆಜ್ಜೆಯನ್ನು ನೋಡಿದಳು. ನಂತರ ಕೈ ಎತ್ತಿ, ಬೆರಳು ಚಾಚಿ, ಇಡೀ ಬೀದಿಗೆ ಕೇಳುವಂತೆ ಹೇಳಿದಳು: "ಎಲ್ಲಾ ಇವರದ್ದೇ!"

ಇನ್ಸ್‌ಪೆಕ್ಟರ್ ಬಂದರು. ಒಂದು ಮೀಸೆ, ಎರಡು ಕಣ್ಣು, ಮೂರೂ ನನ್ನ ಮೇಲೆಯೇ. "ಏನ್ರೀ ಇದೆ ಅದರೊಳಗೆ?"

"ಬ... ಬಟ್ಟೆ ಸಾರ್."

"ಬಟ್ಟೆಗೆ ಈ ಚೀಟಿ ಯಾಕೆ?"

"ಎಣಿಕೆಗೆ ಸಾರ್."

"ಈ ಚೀಟಿ ಎಲ್ಲಿಂದ ಬಂತು?"

ನನ್ನ ಉತ್ತರಕ್ಕೆ ಇನ್ಸ್‌ಪೆಕ್ಟರ್ ಕಾಯಲಿಲ್ಲ. ಚೀಟಿಯ ಕೆಳಗಿದ್ದ ನಂಬರಿಗೆ ಫೋನ್ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ಮೂರು ಸಲ ಗಂಟೆ ಬಾರಿಸಿತು. ಊಟಕ್ಕೆ ಹೋಗಿರಲಿ ದೇವರೇ, ಎಂದು ಬೇಡಿಕೊಂಡೆ.

"ಹಲೋ," ಎಂದಿತು ನನಗೆ ಇಪ್ಪತ್ತೆರಡು ವರ್ಷದಿಂದ ಪರಿಚಯವಿರುವ ಧ್ವನಿ.

ಇನ್ಸ್‌ಪೆಕ್ಟರ್ ವಿಷಯ ಹೇಳಿದರು. ಅತ್ತ ಕುರ್ಚಿ ಸರಿದ ಸದ್ದಾಯಿತು. "ನಮ್ಮ ಚೀಟೀನಾ? ಸಾಧ್ಯವೇ ಇಲ್ಲ! ನಮ್ಮ ಸ್ಟೋರ್ ಕೀಪರ್ ಇದ್ದಾರಲ್ಲ, ಅಂಥ ಪ್ರಾಮಾಣಿಕ ಮನುಷ್ಯ ಹುಡುಕಿದ್ರೂ ಸಿಗಲ್ಲ. ಪಾಪ, ಬೆನ್ನು ನೋವಿಂದ ಮಲಗಿಬಿಟ್ಟಿದ್ದಾರೆ. ಅವರಿಲ್ಲದ್ದು ನೋಡಿ ಯಾರೋ ಕದ್ದಿದ್ದಾರೆ. ಬಿಡ್ಬೇಡಿ ಕಳ್ಳನ್ನ, ಒಳಗೆ ಹಾಕಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬೆನ್ನು ಮುಟ್ಟಿ ನೋಡಿಕೊಂಡೆ.

"ಇನ್ನೊಂದು ಸಾರ್," ಮ್ಯಾನೇಜರ್ ಧ್ವನಿ ತಗ್ಗಿತು, "ಈ ವಿಷಯ ನಮ್ಮ ಸ್ಟೋರ್ ಕೀಪರ್ ಕಿವಿಗೆ ಬೀಳೋದು ಬೇಡ. ತುಂಬಾ ನೊಂದ್ಕೋತಾರೆ. ಅವರು ಬರೋ ಹೊತ್ತಿಗೆ ಇರಲಿ ಅಂತ ನಿನ್ನೆ ತಾನೇ ಅವರ ಕುರ್ಚಿಗೆ ಹೊಸ ಮೆತ್ತೆ ಹಾಕಿಸಿದ್ದೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತೆಯ ಮಾತು ಕೇಳಿ ನನಗೆ ನಿಜಕ್ಕೂ ಅಳು ಬಂತು. ಸುಮ್ಮನಿದ್ದರೆ ನಾನು ಕಳ್ಳ, ಬಾಯಿ ಬಿಟ್ಟರೆ ಸುಳ್ಳ. ಮನೆಯವಳ ಮುಖ ನೋಡಿದೆ. ಈ ಸಲ ಅವಳ ಕಣ್ಣಲ್ಲಿ ಕೋಪವಿರಲಿಲ್ಲ. "ಹೇಳಿಬಿಡಿ" ಎಂದಷ್ಟೇ ತಲೆಯಾಡಿಸಿದಳು.

"ಸಾರ್... ನಾನೇ ಸಾರ್," ಎಂದೆ ಫೋನಿನತ್ತ ತಿರುಗಿ.

"ನಾನೇ ಅಂದ್ರೆ ಯಾರು?"

"ಬೆನ್ನು ಸಾರ್."

ಅತ್ತ ಕುರ್ಚಿ ಮತ್ತೆ ಸರಿದ ಸದ್ದಾಯಿತು. ಇನ್ಸ್‌ಪೆಕ್ಟರ್ ಫೋನನ್ನು ನನ್ನ ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

"ಈಗ ಮಲಗಿದ್ದೀರೋ, ನಿಂತಿದ್ದೀರೋ?" ಎಂದರು ಮ್ಯಾನೇಜರ್.

"ನಿಂತಿದ್ದೀನಿ ಸಾರ್."

"ಸ್ವಲ್ಪ ಕೂತ್ಕೊಳ್ಳಿ. ಸೋಮವಾರ ಇಡೀ ದಿನ ನನ್ನ ಮುಂದೆ ನಿಂತಿರಬೇಕಾಗುತ್ತೆ." ಫೋನ್ ಕಟ್ಟಾಯಿತು.

ಮುಂದೆ ಬೀಗ ತೆಗೆಸಿದರು, ಕೈಚೀಲ ಸೇರಿ ಏಳನ್ನೂ ಬಿಚ್ಚಿಸಿದರು. ಏಳರಲ್ಲಿ ಮೂರನ್ನು ತೆರೆದಾಗ ಎಲ್ಲಕ್ಕಿಂತ ಮೇಲೆ ಕೂತಿತ್ತು ನನ್ನ ಸೊಂಟದ ಪಟ್ಟಿ. ಇನ್ಸ್‌ಪೆಕ್ಟರ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಪೈಪು ಹಿಡಿದಿದ್ದ ನಾಲ್ವರೂ ನಕ್ಕರು. ಗೇಟಿನಾಚೆಯಿಂದ ಅಜ್ಜಿ ನಕ್ಕದ್ದೂ ಕೇಳಿಸಿತು.

"ತಗೊಂಡು ಹೊರಡಿ. ಎರಡು ನಿಮಿಷದಲ್ಲಿ ಒಂದೂ ಇಲ್ಲಿ ಕಾಣಬಾರದು," ಎಂದರು ಇನ್ಸ್‌ಪೆಕ್ಟರ್.

ಎರಡೇ ನಿಮಿಷವೆಂದ ಮೇಲೆ ಆರನ್ನೂ ಒಟ್ಟಿಗೆ ಎತ್ತಲು ಬಾಗಿದೆ. ಸೊಂಟದೊಳಗೆ ಎಲ್ಲೋ ಕಟಕ್ ಎಂದಿತು. ಬಾಗಿದವನು ಬಾಗಿದಂತೆಯೇ ಉಳಿದೆ.

"ಅಯ್ಯೋ! ಬೆನ್ನು!"

ಜನ ಇನ್ನೂ ಜೋರಾಗಿ ನಕ್ಕರು. "ಸಾಕು ಎದ್ದೇಳ್ರೀ, ನಾಟಕ," ಎಂದಳು ಮನೆಯವಳು.

"ನಾಟಕ ಅಲ್ಲ ಕಣೇ! ನಿಜ! ನಿನ್ನಾಣೆಗೂ ನಿಜ!"

ನನ್ನ ಕಣ್ಣಲ್ಲಿ ನೀರು ನೋಡಿದ ಮೇಲಷ್ಟೇ ಅವಳು ನಂಬಿದಳು. ವಿಗ್ರಹಗಳನ್ನು ಸಾಗಿಸುವ ಸಂಗ್ರಹಾಲಯದ ಕೈಗಾಡಿ ಬಂತು. ಮೊದಲು ಸಾಮಾನು, ಅದರ ಮೇಲೆ ನಾನು. ಎರಡನೇ ವಸತಿಗೃಹದವರೆಗೂ ಹಾಗೇ ಹೋದೆ; ಊರಿನ ಜನರೆಲ್ಲ ಪ್ರೇಕ್ಷಣೀಯ ಸ್ಥಳ ನೋಡಿದ ಹಾಗೆ ನನ್ನನ್ನು ನೋಡಿದರು.

ಆಗ ಗಂಟೆ ಒಂದೂವರೆ.

"ಮೂರರವರೆಗೆ ಕೋಣೆ ಇಲ್ಲ ಮೇಡಂ," ಎಂದಳು ಅಲ್ಲಿನ ಗುಮಾಸ್ತೆ. "ಬೇಕಿದ್ರೆ ಸಾಮಾನು ಇಲ್ಲಿಟ್ಟು ಊರು ನೋಡ್ಕೊಂಡು ಬನ್ನಿ. ಒಟ್ಟು ಎಷ್ಟಿವೆ?"

ಮನೆಯವಳು ಸ್ವಲ್ಪ ಯೋಚಿಸಿದಳು. ಏಳರಲ್ಲಿ ಮೂರನ್ನು ತೆರೆದು ಪಟ್ಟಿ ತೆಗೆದು ನನ್ನ ಸೊಂಟಕ್ಕೆ ಬಿಗಿದಳು. ಆಮೇಲೆ ಇಕ್ಕಳ ತೆಗೆದಳು, ಉಳಿದಿದ್ದ ಒಂದು ಚೀಟಿ ತೆಗೆದಳು. ನನ್ನ ಅಂಗಿಯ ಗುಂಡಿಗೆ ತಂತಿ ಪೋಣಿಸಿ ಚೆನ್ನಾಗಿ ತಿರುಚಿದಳು.

"ಏಳು," ಎಂದಳು. "ಆರು ಎಲ್ಲಿಟ್ಟರೂ ನಡೆಯುತ್ತೆ. ಇದೊಂದನ್ನ ಮಾತ್ರ ಅಡ್ಡ ಮಲಗಿಸಿ."

"ಲೇ, ಪರರ ಕೈಗೆ ಒಪ್ಪಿಸಿ ಹೋಗ್ತೀಯೇನೇ?" ಎಂದು ನರಳಿದೆ.

"ಮೂರಕ್ಕೆ ಬಂದು ಬಿಡಿಸ್ಕೋತೀನಿ ರೀ!" ಎಂದು ಕೈಚೀಲ ಮಾತ್ರ ಹೆಗಲಿಗೇರಿಸಿಕೊಂಡು ಅವಳು ಊರು ನೋಡಲು ಹೊರಟೇಬಿಟ್ಟಳು.

ಸಾಮಾನು ಕೋಣೆಯಲ್ಲಿ, ಸೂಟ್‌ಕೇಸುಗಳ ನಡುವೆ, ಮೇಲ್ಛಾವಣಿ ನೋಡುತ್ತಾ ಮಲಗಿದೆ. ಸ್ವಲ್ಪ ಹೊತ್ತಿಗೆ ಗುಮಾಸ್ತೆ ಒಂದು ಲೋಟ ನೀರು ತಂದಳು. ಕೊಡಲು ಬಗ್ಗಿದವಳ ಕಣ್ಣು ನನ್ನ ಎದೆಯ ಮೇಲಿನ ಕೆಂಪಕ್ಷರಗಳ ಮೇಲೆ ಬಿತ್ತು. "ಬೇಗ ಹೊತ್ತಿಕೊಳ್ಳುವ ವಸ್ತು. ಅಲುಗಾಡಿಸಬೇಡಿ" ಎಂಬುದನ್ನು ತುಟಿ ಆಡಿಸುತ್ತಾ ಪೂರ್ತಿ ಓದಿದಳು. ಲೋಟವನ್ನು ನನಗೆ ಎಟುಕದಷ್ಟು ದೂರದಲ್ಲಿಟ್ಟು, ತುದಿಗಾಲಲ್ಲಿ ಹಿಂದೆ ಸರಿದು, ಹೊರಗಿನಿಂದ ಚಿಲಕ ಹಾಕಿಕೊಂಡು ಹೋದಳು.