ಗಿರಣಿ ಹಿಂದಿನಿಂದ ಬರುವ ಚಂದ್ರನವರಿಗೆ

ಶ್ರೀಮಾನ್ ಚಂದ್ರನವರ ಸನ್ನಿಧಿಗೆ,
ಪೂರ್ವ ದಿಕ್ಕು, ಹಳೇ ಅಕ್ಕಿ ಗಿರಣಿಯ ಹಿಂಭಾಗ,
ಶಿಕಾರಿಪುರ.

ವಿಷಯ: ಒಂದು ಪ್ರತಿಷ್ಠಿತ ಕಟ್ಟಡದ ಪ್ರಗತಿಗೆ ತಾವು ಒಡ್ಡುತ್ತಿರುವ ಅಡಚಣೆಯ ಕುರಿತು.

ಮಾನ್ಯರೇ,

ತಿಂಗಳಲ್ಲಿ ಹದಿನೈದು ದಿನ ದೊಡ್ಡವರಾಗುತ್ತ, ಉಳಿದ ಹದಿನೈದು ದಿನ ಯಾರ ಮೇಲೂ ದೂರು ಹೇಳದೆ ಸಣ್ಣವರಾಗುತ್ತ, ರಜೆಯೆಂದರೆ ಅಮಾವಾಸ್ಯೆಯೊಂದನ್ನು ಬಿಟ್ಟು ಬೇರೆ ಕೇಳದೆ ನಮ್ಮ ಬೀದಿಗೆ ಬಂದು ಹೋಗುತ್ತಿರುವ ತಮಗೆ ಗಿರಣಿ ಬೀದಿಯ ಎಲ್ಲ ನಿವಾಸಿಗಳ ಪರವಾಗಿ ಆದರಪೂರ್ವಕ ನಮಸ್ಕಾರಗಳು. ಕಳೆದ ಗ್ರಹಣದ ಆಯಾಸದಿಂದ ತಾವು ಪೂರ್ತಿ ಚೇತರಿಸಿಕೊಂಡಿದ್ದೀರೆಂದು ನಂಬಿದ್ದೇನೆ.

ಇಷ್ಟು ವರ್ಷ ತಮಗೆ ಪತ್ರ ಬರೆಯುವ ಪ್ರಸಂಗ ಬಂದಿರಲಿಲ್ಲ. ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ತಮ್ಮನ್ನು ಭೂಮಿಯ ಉಪಗ್ರಹವೆಂದು ಹೇಳಿ ಒಂದೇ ಪ್ಯಾರಾದಲ್ಲಿ ಮುಗಿಸಿದ್ದರು. ತಮ್ಮ ದಾರಿ ಕಾಯುವವರಿದ್ದಾರೆ, ತಾವು ತಡವಾದರೆ ಅಡುಗೆಮನೆಗಳಲ್ಲಿ ಅನ್ನ ಆರಿಹೋಗುತ್ತದೆ ಎಂಬುದು ತಿಳಿದದ್ದು ಮದುವೆಯಾಗಿ ಈ ಬೀದಿಗೆ ಬಂದ ಮೇಲೆ. ಈಗಲೂ ನಾನಾಗಿ ಬರೆಯುತ್ತಿರಲಿಲ್ಲ. ಆದರೆ ನಮ್ಮ ಬಡಾವಣೆಯ ಸಂಘವು ಕಳೆದ ಸಭೆಯಲ್ಲಿ, ಚಂದ್ರೋದಯ ತಡವಾಗುವ ಬಗೆಗಿನ ಆಕ್ಷೇಪಣೆಯನ್ನು ಸಂಬಂಧಪಟ್ಟವರಿಗೆ ಕಳುಹಿಸತಕ್ಕದ್ದು ಎಂದು ನಿರ್ಣಯ ಮಾಡಿ, ಆ ಕೆಲಸವನ್ನು ನನಗೇ ವಹಿಸಿತು. ಸಂಬಂಧಪಟ್ಟವರು ಯಾರೆಂದು ವಿಚಾರಿಸಿದೆ. ಕಟ್ಟಡ ಕಟ್ಟುವವರು ನಾವಲ್ಲ ಎಂದರು. ಅಧ್ಯಕ್ಷರು ನಾನೂ ಅಲ್ಲ ಎಂದರು. ಉಳಿದವರು ತಾವೊಬ್ಬರೇ.

ಆದ್ದರಿಂದ ತಮ್ಮ ಅವಗಾಹನೆಗಾಗಿ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ತಾವು ಯಾವ ಹೆಂಚಿನ ಗಿರಣಿಯ ಬೆನ್ನ ಹಿಂದಿನಿಂದ ಮೂಡುತ್ತಿದ್ದಿರೋ ಆ ಗಿರಣಿಯನ್ನು ಈ ಬೇಸಿಗೆಯಲ್ಲಿ ಕೆಡವಲಾಯಿತು. ಅಲ್ಲಿ ಒಂಬತ್ತು ಮಹಡಿಯ ಅಪಾರ್ಟ್‌ಮೆಂಟ್ ಎದ್ದು ನಿಲ್ಲಲಿದೆ. ಕಟ್ಟುತ್ತಿರುವವರು ಸೊರಬದ ರಾಜಕುಮಾರ್ ಎಂಬ ಉತ್ಸಾಹಿ ಬಿಲ್ಡರ್. ಅವರು ಮನೆಮನೆಗೆ ಹಂಚಿದ ಬಣ್ಣದ ಕರಪತ್ರದಲ್ಲಿ ತಮ್ಮ ಚಿತ್ರವೂ ಇದೆ. ಕಟ್ಟಡಕ್ಕೆ ಚೂರೂ ತಾಗದಂತೆ, ಎಡಗಡೆಗೆ ಸರಿದು, ವಿನಯದಿಂದ ನಿಂತಿದ್ದೀರಿ. ದಿಕ್ಕು ಹಿಡಿದು ನೋಡಿದೆ. ಆ ಚಿತ್ರದಲ್ಲಿ ತಾವು ಉತ್ತರದಲ್ಲಿ ಉದಯಿಸಿದ್ದೀರಿ.

ಎತ್ತರ ಮತ್ತು ವಿನ್ಯಾಸವನ್ನು ಚರ್ಚಿಸಲು ಕರೆದ ಮೊದಲ ಸಭೆ ಬಹಳ ಸೊಗಸಾಗಿ ನಡೆಯಿತು. ಒಂಬತ್ತು ಹೆಚ್ಚಾಯಿತು, ನಾಲ್ಕು ಸಾಕು ಎಂದವರಿದ್ದರು. ಅಂಥವರ ಬಾಯಿ ಮುಚ್ಚಿಸಿದ್ದು ಸಂಘದ ಅಧ್ಯಕ್ಷರಾದ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಪರಮಶಿವಪ್ಪನವರು. "ಸೊರಬದಾಗ ಏಳು ಮಹಡಿ ಏಳ್ತೈತಂತ್ರೀ. ನಾವೇನ್ ಅವ್ರಿಗಿಂತ ಕಡಿಮೀನ?" ಎಂದು ಅವರು ಕೇಳಿದ ಮೇಲೆ ನಾಲ್ಕು ಎನ್ನುವುದು ಊರಿಗೆ ದ್ರೋಹವಾಗಿ ಕಾಣತೊಡಗಿತು. ಸೊರಬದ ಆ ಏಳು ಮಹಡಿಯನ್ನು ಕಂಡವರು ಯಾರೂ ಇರಲಿಲ್ಲ. ಸುದ್ದಿ ತಂದವರು ರಾಜಕುಮಾರ್ ಅವರೇ. ವಿನ್ಯಾಸದ ವಿಷಯದಲ್ಲಿ ನಮ್ಮ ಪರಂಪರಾಭಿಮಾನ ಉಕ್ಕಿ ಹರಿಯಿತು. ಬಳ್ಳಿಗಾವಿಯ ಹಳೇ ಗುಡಿಗಳು ಇಷ್ಟು ಹತ್ತಿರವಿರುವಾಗ ಬರೀ ಗಾಜು ಯಾಕೆ ಎಂದು ಯಾರೋ ಅಂದರು. ಕೂಡಲೇ ಪ್ರತಿ ಬಾಲ್ಕನಿಗೂ ಸಿಮೆಂಟಿನ ಗುಡಿಕಂಬ ಮಂಜೂರಾಯಿತು. ಆ ಕಂಬಗಳಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಲು ಕೊಕ್ಕೆ ಇರುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ಇರುತ್ತದೆಯಂತೆ.

ಊರು ಬೆಳೆಯಬಾರದು ಎನ್ನಲು ನಾನು ಯಾರು? ಬಾಡಿಗೆ ಮನೆ ಸಿಗದೆ ಆನವಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುವ ಮೇಷ್ಟ್ರುಗಳನ್ನು, ನರ್ಸುಗಳನ್ನು ನಾನೂ ಬಲ್ಲೆ. ನಿಜ ಹೇಳಬೇಕೆಂದರೆ, ಲಿಫ್ಟ್ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಮೊಣಕಾಲು ನನಗಿಂತ ಮೊದಲು ಕೈ ಎತ್ತಿತ್ತು.

ಒಂಬತ್ತು ಮಹಡಿ ಎಂದರೆ ಎಷ್ಟೆತ್ತರ ಎಂದು ಮಾತ್ರ ಯಾರಿಗೂ ಅಂದಾಜಿರಲಿಲ್ಲ. ರಾಜಕುಮಾರ್, ತೋರಿಸಿಯೇ ಬಿಡುತ್ತೇನೆ ಎಂದರು. ಅಂಗಡಿ ಉದ್ಘಾಟನೆಗಳಲ್ಲಿ ಹಾರಿಸುವಂಥ, ಒಳಗೆ ದೀಪ ಉರಿಯುವ ದೊಡ್ಡ ಬಿಳಿ ಬಲೂನನ್ನು ತರಿಸಿ, ಹಗ್ಗ ಕಟ್ಟಿ, ಸರಿಯಾಗಿ ಒಂಬತ್ತನೇ ಮಹಡಿಯ ತಲೆಯ ಮಟ್ಟಕ್ಕೆ ಏರಿಸುವುದೆಂದು ನಿಶ್ಚಯವಾಯಿತು. ಸಂಜೆ ಬೆಳಕಿರುವಾಗಲೇ ಆಗಬೇಕಿದ್ದ ಕಾರ್ಯಕ್ರಮ. ಬಲೂನು ತರುವ ಎಂಜಿನಿಯರ್ ದಾವಣಗೆರೆಯಿಂದ ಬರುವುದು ತಡವಾಗಿ, ಕತ್ತಲಾದ ಮೇಲೆ ಏರಿತು. ಅವತ್ತು ಸಂಕಷ್ಟಿಯೆಂಬುದನ್ನು ಎಂಜಿನಿಯರಿಗೆ ಯಾರೂ ಹೇಳಿರಲಿಲ್ಲ. ಬಲೂನು ಏರುತ್ತದೆಂಬುದನ್ನು ನಮ್ಮ ಬೀದಿಯ ಹೆಂಗಸರಿಗೂ ಯಾರೂ ಹೇಳಿರಲಿಲ್ಲ.

ಸಂಕಷ್ಟಿ ಚತುರ್ಥಿಯ ದಿನ ತಮ್ಮ ಮೇಲೆ ಎಷ್ಟು ಭಾರವಿದೆಯೆಂಬುದು ತಮಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ನನ್ನ ಅತ್ತೆ ಮೂಕಾಂಬಿಕಮ್ಮನವರು ಅವತ್ತು ಇಡೀ ದಿನ ಊಟ ಮಾಡುವುದಿಲ್ಲ. ತಾವು ಮೂಡಿ, ತಮ್ಮನ್ನು ಕಣ್ಣಾರೆ ಕಂಡು, ತಮಗೆ ಅರ್ಘ್ಯದ ನೀರು ಬಿಟ್ಟ ಮೇಲೆಯೇ ಎಲೆಯ ಮುಂದೆ ಕೂರುವುದು. ಅವರಿಗೆ ಸಕ್ಕರೆ ಕಾಯಿಲೆ. ಉಪವಾಸವೇ ಬೇಡ ಎಂದ ಡಾಕ್ಟರ ಜೊತೆ ಅವರು ತರಕಾರಿಯವಳ ಜೊತೆ ಮಾಡುವಂತೆ ಚೌಕಾಸಿ ಮಾಡಿ, ಮಧ್ಯಾಹ್ನ ಒಂದು ಲೋಟ ಹಾಲು, ಚಂದ್ರ ಕಂಡ ಕೂಡಲೇ ಊಟ, ಅದಕ್ಕಿಂತ ಒಂದು ನಿಮಿಷವೂ ತಡವಿಲ್ಲ ಎಂದು ಒಪ್ಪಿಸಿದ್ದಾರೆ. ಆ ಒಪ್ಪಂದಕ್ಕೆ ಜಾಮೀನು ತಾವು. ತಮ್ಮನ್ನು ಕೇಳಿ ಮಾಡಿದ್ದಲ್ಲ, ನಿಜ.

ಅವತ್ತು ಅತ್ತೆ, ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ಚೌಡೇಶ್ವರಿ, ನಾನು, ಮೂವರೂ ತಾರಸಿಯ ಮೇಲಿದ್ದೆವು. ತೆಳು ಮೋಡ. ಗಿರಣಿ ಜಾಗದ ಮೇಲೆ ದುಂಡನೆಯ, ಹಾಲುಬಣ್ಣದ, ತುಸು ತೂಗಾಡುವ ಬೆಳಕು ಕಂಡಿತು. ತಾವು ಪಂಚಾಂಗದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿರಿ ಎಂದು ನಾನಂದರೆ, ಪಂಚಾಂಗ ಬರೆಯುವವರು ಬೇರೆ ಊರಿನಲ್ಲಿ ಕೂತು ಬರೆಯುತ್ತಾರೆ ಎಂದರು ಅತ್ತೆ. ಬಲೂನಿಗೆ ಶಾಸ್ತ್ರೋಕ್ತವಾಗಿ ಅರ್ಘ್ಯ ಬಿಟ್ಟಾಯಿತು. ಉಪಗ್ರಹದ ಪಾಠದಲ್ಲಿ ಪೂರ್ತಿ ಅಂಕ ಪಡೆದಿದ್ದ ನಾನೂ ಕೈ ಮುಗಿದೆ. ಕೆಳಗಿಳಿದು ಅತ್ತೆಗೆ ಬಡಿಸಿದೆ. ಅವರು ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ, ಮರೆತ ಚೊಂಬು ತರಲು ಮೇಲೆ ಹೋಗಿದ್ದ ಚೌಡೇಶ್ವರಿ ಅಲ್ಲಿಂದಲೇ ಕೂಗಿದಳು.

"ಅಮ್ಮಾರೆ, ಮ್ಯಾಲೆ ಬರ್ರಿ. ಇನ್ನೊಬ್ಬ ಬರಾಕತ್ಯಾನಲ್ರೀ."

ತಾವು ಬರುತ್ತಿದ್ದಿರಿ. ಬಲೂನಿಗಿಂತ ಎಷ್ಟೋ ಕೆಳಗೆ, ಕೆಂಪಗೆ, ಒಂದು ಕಡೆ ಸವೆದುಕೊಂಡು. ಹೋಲಿಸಿದರೆ ಬಲೂನೇ ತಮಗಿಂತ ಲಕ್ಷಣವಾಗಿತ್ತು ಎಂದು ಹೇಳದಿದ್ದರೆ ಸುಳ್ಳಾದೀತು. ಅತ್ತೆ ಇಬ್ಬರನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹಾಗಾದ್ರೆ ನಾನು ಊಟ ಮಾಡಿದ್ದು ಯಾರನ್ನ ನೋಡ್ಕೊಂಡೇ?" ಎಂದು ಕೇಳಿದರು.

ಅವತ್ತು ತಾವು ಆ ಬಲೂನಿನ ಮಟ್ಟಕ್ಕೆ ಏರಲು ಒಂದು ಗಂಟೆಗಿಂತ ಹೆಚ್ಚೇ ತೆಗೆದುಕೊಂಡಿರಿ. ಬಲೂನಿನ ಕೆಳಗಿದ್ದದ್ದು ಬರೀ ಹಗ್ಗವಾದ್ದರಿಂದ ತಾವು ಕಾಣುತ್ತಿದ್ದಿರಿ. ಅಲ್ಲಿ ಗೋಡೆ ಬಂದ ಮೇಲೆ ಆ ಅವಧಿಯನ್ನು ತಾವು ಒಂಬತ್ತು ಮಹಡಿಯ ಅಡುಗೆಮನೆಗಳ ಹಿಂದೆ ಕಳೆಯಬೇಕು, ಮತ್ತು ಅಷ್ಟೂ ಹೊತ್ತು ನನ್ನ ಅತ್ತೆ ಖಾಲಿ ಹೊಟ್ಟೆಯಲ್ಲಿ ತಾರಸಿಯ ಮೇಲೆ ಕೂತಿರಬೇಕು. ಎತ್ತರ ತಿಳಿಯಬೇಕು ಎಂದಿದ್ದೆವು. ತಿಳಿಯಿತು.

ವ್ರತ ಕೆಟ್ಟಿತೆಂದು ಅತ್ತೆ ಮಾರನೇ ದಿನ ಯಾರಿಗೂ ಹೇಳದೆ ಮತ್ತೆ ಉಪವಾಸ ಹಿಡಿದರು. ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದವರು ಹಾಗೆಯೇ ಬಟ್ಟೆಯ ರಾಶಿಯ ಮೇಲೆ ಒರಗಿದರು. ಮೈಯೆಲ್ಲ ಬೆವರು, ಮಾತು ತೊದಲು. ಚೌಡೇಶ್ವರಿ ಬಾಯಿಗೆ ಸಕ್ಕರೆ ನೀರು ಹನಿಸಿದಳು, ನಾನು ಆಟೊ ಹಿಡಿದೆ. ಸಂಜೆಗೆ ಎದ್ದು ಕೂತರು. ಡಾಕ್ಟರು ಅವರನ್ನು ಬಿಟ್ಟು ನನ್ನನ್ನು ಬೈದರು. ಇನ್ನೊಮ್ಮೆ ಹೀಗಾದರೆ ಏಳುತ್ತಾರೆಂದು ಹೇಳಲಾಗದು ಎಂದರು.

ಹೀಗಾಗಿ ಎರಡನೇ ಸಭೆಯಲ್ಲಿ ನಾನು ಎದ್ದು ನಿಂತು ತಮ್ಮ ಹೆಸರೆತ್ತಬೇಕಾಯಿತು. ಸಭೆ ನಕ್ಕಿತು. ಕುಹಕದ ನಗುವಲ್ಲ, ನಿಜಕ್ಕೂ ಖುಷಿಯಾಗಿ ನಕ್ಕರು. ಆ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಗುತ್ತಿದ್ದೆನೇನೋ. ರಾಜಕುಮಾರ್ ಬಹಳ ಮರ್ಯಾದೆಯಿಂದ, "ಮೇಡಂ, ಚಂದ್ರ ಬರಲ್ಲ ಅಂತ ಯಾರ್ ಹೇಳಿದ್ರು? ಬರ್ತಾನೆ. ಸ್ವಲ್ಪ ಲೇಟಾಗ್ ಬರ್ತಾನೆ ಅಷ್ಟೆ" ಎಂದು ಸಮಾಧಾನ ಹೇಳಿದರು. ಪರಮಶಿವಪ್ಪನವರು, ಒಂದು ತಾಸು ಉಪವಾಸ ಹೆಚ್ಚಾದರೆ ಪುಣ್ಯವೂ ಅಷ್ಟು ಹೆಚ್ಚು ಬರುವುದೆಂದು ಬ್ಯಾಂಕಿನ ಲೆಕ್ಕದಲ್ಲಿ ವಿವರಿಸಿದರು.

ಆದರೂ ನಮ್ಮವರು ಕಲ್ಲುಮನಸ್ಸಿನವರಲ್ಲ. ಮೂರು ಪರಿಹಾರಗಳು ಬಂದವು. ಚೌಡೇಶ್ವರಿಯ ತಂಗಿ ಆನವಟ್ಟಿಯಲ್ಲಿದ್ದಾಳೆ. ತಾವು ಅಲ್ಲಿ ಕಂಡ ಕೂಡಲೇ ಆಕೆ ವಿಡಿಯೊ ಕಾಲ್ ಮಾಡಬಹುದು ಎಂಬುದು ಮೊದಲನೆಯದು. ಮನೆಗೆ ಬಂದು ಹೇಳಿದೆ. "ಫೋನಿಗೆ ನೀರ್ ಬಿಡ್ಲೇನೇ? ಆಮೇಲೆ ರಿಪೇರಿಗೆ ನೀನೇ ಅಲೀತೀಯ" ಎಂದರು ಅತ್ತೆ. ಎರಡನೆಯದು ರಾಜಕುಮಾರ್ ಅವರದ್ದು. ಕಟ್ಟಡದ ತುದಿಯಲ್ಲಿ ಸ್ವಂತ ಖರ್ಚಿನಲ್ಲೇ ದುಂಡನೆಯ ದೀಪವೊಂದನ್ನು ಹಾಕಿಸಿ, ಪಂಚಾಂಗದ ಹೊತ್ತಿಗೆ ಸರಿಯಾಗಿ ತಾನೇ ಹೊತ್ತಿಕೊಳ್ಳುವಂತೆ ಮಾಡುವರಂತೆ. ಅದಕ್ಕೆ ಮೋಡವಿಲ್ಲ, ಗ್ರಹಣವಿಲ್ಲ, ಸವೆತವಿಲ್ಲ. ಕರೆಂಟು ಹೋದ ದಿನ ಮಾತ್ರ ಅಮಾವಾಸ್ಯೆ. ತಮ್ಮ ಕೆಲಸಕ್ಕೆ ಕುತ್ತು ಬಂದಿದೆಯೆಂದು ಎಚ್ಚರಿಸುವುದು ನನ್ನ ಕರ್ತವ್ಯ. ಮೂರನೆಯದು ಎತ್ತರವನ್ನೇ ತಗ್ಗಿಸುವುದು. ಹೌದು, ತಗ್ಗಿಸಿದರು. ಒಂಬತ್ತನೇ ಮಹಡಿಯನ್ನು ಕೈಬಿಟ್ಟು, ಅದರ ಬದಲಿಗೆ ನಮ್ಮ ಸೀಮೆಯ ಸೊಗಡು ಉಳಿಯಲೆಂದು ಕಟ್ಟಡದ ತಲೆಗೆ ಇಳಿಜಾರಿನ ಹೆಂಚಿನ ಮಾಡು ಕೂರಿಸಲು ಒಪ್ಪಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮಾಡಿನ ಎತ್ತರ ಎಷ್ಟೆಂದು ನಾನು ಕೇಳಿದೆ. ಒಂದು ಮಹಡಿಗಿಂತ ಸ್ವಲ್ಪ ಜಾಸ್ತಿ.

ಸಭೆ ಮುಗಿದ ಮೇಲೆ ರಾಜಕುಮಾರ್ ಹಣ್ಣಿನ ಚೀಲ ಹಿಡಿದು ಅತ್ತೆಯನ್ನು ನೋಡಲು ಬಂದರು. ಕೆಟ್ಟ ಮನುಷ್ಯನಲ್ಲ, ಚಪ್ಪಲಿ ಹೊರಗೆ ಬಿಟ್ಟು ಕಾಲಿಗೆ ನಮಸ್ಕಾರ ಮಾಡಿದರು. ಅತ್ತೆ ಕಾಫಿ ಕೊಡಿಸಿ, ನಿಮ್ಮನೆಯಲ್ಲಿ ಯಾರೂ ಸಂಕಷ್ಟಿ ಮಾಡುವುದಿಲ್ಲವೇ ಎಂದು ವಿಚಾರಿಸಿದರು.

"ನಮ್ಮಮ್ಮ ಮಾಡ್ತಾರಲ್ಲ ಅಮ್ಮಾ, ಸೊರಬದಲ್ಲಿ."

"ಅಲ್ಲಿ ಬೇಗ ಕಾಣತ್ತೋ?"

"ಮನೆ ಎದುರು ಬರೀ ಗದ್ದೆ. ಭೂಮಿಗೆ ಹತ್ಕೊಂಡೇ ಕಾಣತ್ತೆ. ಜಗಲಿ ಮೇಲೆ ಕೂತೇ ನೀರ್ ಬಿಡ್ತಾರೆ."

"ಪುಣ್ಯವಂತೆ," ಎಂದರು ಅತ್ತೆ. ಚುಚ್ಚಿ ಅಂದದ್ದಲ್ಲ, ಮನಸಾರೆ ಅಂದರು. ರಾಜಕುಮಾರ್ ಹೋದ ಮೇಲೆ ನಾನು ಅತ್ತೆಯನ್ನು, ಇನ್ನು ಮೇಲೆ ಪಂಚಾಂಗದ ಹೊತ್ತು ನೋಡಿ ಊಟ ಮಾಡಿಬಿಡಿ, ಚಂದ್ರ ಗೋಡೆಯ ಹಿಂದೆ ಇದ್ದೇ ಇರುತ್ತಾನಲ್ಲ ಎಂದು ಕೇಳಿಕೊಂಡೆ. "ಗೋಡೆ ಹಿಂದೆ ಇದಾನೆ ಅಂತ ನಂಬಕ್ಕೆ ನಾನು ಇಷ್ಟು ವರ್ಷ ತಾರಸಿ ಹತ್ತಬೇಕಿತ್ತೇನೇ?" ಎಂದರು. ನನ್ನ ಹತ್ತಿರ ವಾದವೇನೋ ಇತ್ತು. ನಾನೇ ನಂಬದ ವ್ರತದ ಬಗ್ಗೆ ಅವರಿಗೆ ಪಾಠ ಹೇಳುವ ಬದಲು ಕಾಗದ, ಪೆನ್ನು ಹುಡುಕಿದೆ.

ಈ ಎಲ್ಲ ಕಾರಣಗಳಿಂದ, ಕಟ್ಟಡವು ತನ್ನ ಜಾಗದಿಂದ ಕದಲಲಾರದೆಂದೂ, ಸಂಘವು ತನ್ನ ನಿರ್ಣಯದಿಂದ ಕದಲಲಾರದೆಂದೂ, ಅತ್ತೆಯವರು ತಾರಸಿಯಿಂದ ಕದಲಲಾರರೆಂದೂ ಮನಗಂಡು, ಇದ್ದವರಲ್ಲಿ ಸದಾ ಕದಲುತ್ತಲೇ ಇರುವ ತಮ್ಮಲ್ಲಿ ವಿನಂತಿಸುವುದೇನೆಂದರೆ, ಸಂಕಷ್ಟಿಯ ದಿನವಾದರೂ ತಾವು ಕರಪತ್ರದಲ್ಲಿ ತೋರಿಸಿರುವಂತೆ ಉತ್ತರದಲ್ಲಿ ಉದಯಿಸಬೇಕು. ಅದಕ್ಕೆ ಮೇಲಿನವರ ಅಪ್ಪಣೆ ಸಿಗದಿದ್ದರೆ, ಒಂದು ಗಂಟೆ ಮೊದಲೇ ಹೊರಟು, ಗಿರಣಿ ಜಾಗವನ್ನು ಬಳಸಿಕೊಂಡು ಬಸ್‌ಸ್ಟ್ಯಾಂಡ್ ಕಡೆಯಿಂದ ಬರಬಹುದು. ಅದೂ ಆಗದಿದ್ದರೆ ಲಿಫ್ಟಿನಲ್ಲಿ ಬನ್ನಿ. ಪ್ರತಿ ಮಹಡಿಯಲ್ಲೂ ನಿಲ್ಲಿಸದೆ ನೇರ ಮೇಲಕ್ಕೆ ಬರುವಂತೆ ವಾಚ್‌ಮನ್ನಿಗೆ ನಾನು ಹೇಳಿಡುತ್ತೇನೆ. ಬರುವಾಗ ಗುರುತಿನ ಚೀಟಿ ತರಬೇಕಂತೆ. ಬಲೂನು ಅಲ್ಲವೆಂಬುದಕ್ಕೆ ಪುರಾವೆಯಾಗಿ ತಮ್ಮ ಸವೆದ ಅಂಚು ಸಾಕಾದೀತು.

ಪಾಯ ತೋಡುವ ಯಂತ್ರ ನಿನ್ನೆ ಬಂದಿದೆ. ಮುಂದಿನ ಕೆಲವು ಸಂಕಷ್ಟಿಗಳಿಗೆ ತೊಂದರೆಯಿಲ್ಲ. ಆಮೇಲೆ ಒಂದೊಂದು ಮಹಡಿ ಏರಿದಂತೆ ಅತ್ತೆಯ ಊಟ ಅಷ್ಟಷ್ಟೇ ಹಿಂದೆ ಸರಿಯುತ್ತದೆ. ತಾವು ಈ ಪತ್ರವನ್ನು ಓದುವಾಗ ದಯವಿಟ್ಟು ನಿಧಾನ ಮಾಡಬಾರದು.

ಸದ್ಯ ಕಾಣುತ್ತಿರುವಷ್ಟು ದಿನ ತಮ್ಮ ವಿಶ್ವಾಸಿ,
ನಾಗಶ್ರೀ
ಗಿರಣಿ ಬೀದಿ, ಶಿಕಾರಿಪುರ

ವಿ.ಸೂ.: ತಮಗೆ ಇಲ್ಲಿ ಉದಯಿಸಲು ತೀರಾ ಕಷ್ಟವಾದರೆ ಸೊರಬದಲ್ಲಿ ಒಂದು ಒಳ್ಳೆಯ ಜಾಗವಿದೆ. ರಾಜಕುಮಾರ್ ಅವರು ಕಾರು ಹತ್ತುವಾಗ ಹೆಮ್ಮೆಯಿಂದ ಹೇಳಿದರು: ತಾಯಿಯ ಮನೆಯೆದುರಿನ ಆ ಗದ್ದೆಯೂ ಅವರದ್ದೇ. ಅಲ್ಲಿ ಕಟ್ಟಡ ಕಟ್ಟಲು ಎಷ್ಟು ಜನ ಕೇಳಿದರೂ ಅವರು ಕೊಟ್ಟಿಲ್ಲ. ಕಟ್ಟಿದರೆ ಅಮ್ಮನಿಗೆ ಚಂದ್ರ ಕಾಣುವುದಿಲ್ಲವಂತೆ.